ಬದು ದಾಟಿ ಬಂದ ನೀರು

ಕಾಲ್ಬೆರಳ ಸಂದಿಯ ಕೆಸರು ಒಣಗುತ್ತಿತ್ತು, ಒಣಗುತ್ತ ಚರ್ಮವನ್ನು ಹಿಡಿದೆಳೆಯುತ್ತಿತ್ತು, ಆಸ್ಪತ್ರೆಯ ತೊಳೆದ ನೆಲದ ಮೇಲೆ ಬಾಗಿಲಿಂದ ಬೆಂಚಿನವರೆಗೆ ಕೆಂಪು ಹೆಜ್ಜೆಗಳು, ಎಲ್ಲವೂ ತನ್ನವೇ — ಆಯಾ ನೋಡಿದಳು, ಅವನ್ನು ದಾಟಿಕೊಂಡು ಹೋದಳು, ಬೈದಿದ್ದರೇ ಚೆನ್ನಾಗಿತ್ತು, ಹುಚ್ಚರಂಗಯ್ಯ ಕಾಲನ್ನು ಬೆಂಚಿನಡಿಗೆ ಎಳೆದುಕೊಂಡ. ಗೆಳೆಯ ಕೆಂಪಯ್ಯನ ತೋಟದ ಕೆಸರು ಇದು, ಬೆಳಿಗ್ಗೆ ಅವನನ್ನು ನೀರುಗಾಲುವೆಯಿಂದ ಎತ್ತುವಾಗ ಹತ್ತಿದ್ದು, ಆದರೆ ಕೆಂಪಯ್ಯನ ಅಂಗಾಲಿನಲ್ಲಿ ಒಂದು ಚೂರು ಕೆಸರೂ ಇರಲಿಲ್ಲ, ಬೆಳ್ಳಗಿತ್ತು, ಉಬ್ಬಿ ನೆರಿಗೆಗಟ್ಟಿತ್ತು, ಹಿಮ್ಮಡಿಯ ಬಿರುಕುಗಳೆಲ್ಲ ಬಾಯಿ ತೆರೆದು ಒಳಗಿನವರೆಗೂ ತೊಳೆದುಹೋಗಿದ್ದವು, ಅರವತ್ತು ವರ್ಷ ಬರಿಗಾಲಲ್ಲಿ ತೋಟ ತಿರುಗಿದವನ ಅಂಗಾಲು ಹಾಗಿರುತ್ತದೆಯೇ — ಬೇಡ. ಉಸಿರಿದೆ. ಅಷ್ಟು ಸಾಕು. ಒಳಗೆ ಡಾಕ್ಟರು ನೋಡುತ್ತಿದ್ದಾರೆ, ಬಾಟಲಿ ನೇತುಹಾಕಿದ್ದಾರೆ, ಬಲಗೈ ಬಲಗಾಲು ಬಿದ್ದುಹೋಗಿವೆ ಅಂದರು, ಬಾಯಿ ಸೊಟ್ಟಗಾಗಿದೆ, ಯಾವಾಗ ಬಿದ್ದಿದ್ದು ಇವರು, ಸರಿಯಾಗಿ ಹೇಳಿ, ಒಂದು ದಿನದ ನಿತ್ರಾಣವೋ ನಾಲ್ಕು ದಿನದ್ದೋ ಅನ್ನೋದರ ಮೇಲೆ ನಾನು ಔಷಧಿ ಕೊಡಬೇಕು, ಅಂದರು, ಇವನು ಬಾಯಿ ತೆರೆಯುವ ಮೊದಲೇ ಹೆಂಡತಿ ಚಿಕ್ಕಗೌರಮ್ಮ, ನಿನ್ನೆ ಬೈಗಿನಾಗೆ ಬಿದ್ದಿರ್ಬೇಕು ಸ್ವಾಮಿ, ನಾವು ಬೆಳಿಗ್ಗೆ ಕಂಡಿದ್ದು, ಅಂದಳು, ಇವನು ಹೂಂ ಅಂದ. ಹೂಂ ಅಂದೆನಲ್ಲ. ತಲೆ ಆಡಿಸಿದ್ದೂ ಅಲ್ಲ, ಬಾಯಿಬಿಟ್ಟು ಅಂದದ್ದು.

ಲಾರಿ ಮಾರಯ್ಯ ಹೊನ್ನವಳ್ಳಿಯಿಂದ ತಿಪಟೂರಿನವರೆಗೂ ಕ್ಯಾಬಿನ್ನಿನ ಕಿಂಡಿಯಿಂದ ಹಿಂದಕ್ಕೆ ತಿರುತಿರುಗಿ ಹೇಳುತ್ತಲೇ ಬಂದ, ಕೊಬ್ಬರಿ ಚೀಲಗಳ ಮೇಲೆ ಕೆಂಪಯ್ಯನ ತಲೆಯನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದ ತನಗೆ, ಹುಚ್ಚರಂಗಣ್ಣಾ, ನೀನು ಹೋಗಿ ನೋಡ್ದೇ ಇದ್ದಿದ್ರೆ ಮುಗ್ದೋಗ್ತಿತ್ತು ಕಣಣ್ಣ, ದೇವ್ರಂಗೆ ಹೋದೆ ನೋಡು, ಈಗಿನ ಕಾಲ್ದಲ್ಲಿ ಯಾರು ಯಾರನ್ನ ನೋಡ್ತಾರೆ ಬುಡು. ದೇವರ ಹಾಗೆ. ಏಕೆ ಹೋದೆ ಅಂತ ಮಾರಯ್ಯ ಕೇಳಲಿಲ್ಲ, ಯಾರೂ ಕೇಳಲಿಲ್ಲ, ಗೆಳೆಯನ ತೋಟಕ್ಕೆ ಗೆಳೆಯ ಹೋದ, ಅದರಲ್ಲಿ ಕೇಳುವುದೇನಿದೆ, ಕತ್ತಾಳೆ ಬೇಲಿಯ ಈಚೆ ಇವನ ತೋಟ, ಆಚೆ ಅವನದು, ಹದಿನೈದು ಹೆಜ್ಜೆ. ಮೋಟಾರು ಬರುವ ಮೊದಲು ಆ ಬೇಲಿಯಲ್ಲಿ ಸವೆದ ದಾರಿಯೇ ಇತ್ತು. ಎತ್ತುಗಳಿಂದ ನೀರೆಳೆಯುವ ಕಪಿಲೆ ಒಬ್ಬನಿಂದ ಆಗುವ ಕೆಲಸವಲ್ಲ, ಬಾವಿಯ ಮೇಲೆ ಎತ್ತು ನಡೆಸುವವನೊಬ್ಬ, ದೂರದಲ್ಲಿ ತೆಂಗಿನ ಬುಡಕ್ಕೆ ನೀರು ತಿರುಗಿಸುವವನೊಬ್ಬ, ಇವತ್ತು ನಿನ್ನ ತೋಟ ನಾಳೆ ನನ್ನ ತೋಟ, ಇಪ್ಪತ್ತು ವರ್ಷ, ನೀರು ತಲುಪ್ತೇನ್ಲಾ ರಂಗಾ ಅಂತ ಅವನು ಕೂಗುವುದು, ತಲುಪ್ತು ಕಣ್ಲಾ ನಿದ್ದೆ ಹೊಡೀಬ್ಯಾಡ ಅಂತ ಇವನು, ನಿದ್ದೆ ಹೊಡೆಯೋದು ನಿಮ್ಮಪ್ಪ ಅಂತ ಅವನು — ಹೊನ್ನವಳ್ಳಿಯ ತನಕ ಕೇಳಿಸುತ್ತಿತ್ತು ಆ ಗಂಟಲು. ಆಮೇಲೆ ಕಂಬ ನೆಟ್ಟರು, ತಂತಿ ಎಳೆದರು, ಇಬ್ಬರೂ ಒಂದೇ ವರ್ಷ ಮೋಟಾರು ಇಳಿಸಿದರು, ಎತ್ತು ಮಾರಿದರು. ಗುಂಡಿ ಒತ್ತಲು ಇಬ್ಬರು ಯಾಕೆ ಬೇಕು.

ಗುಂಡಿ ಒತ್ತುವುದಕ್ಕೆ ಒಬ್ಬನೂ ಬೇಕಿಲ್ಲ, ಅದೇ ಅಲ್ಲವೇ ಆದದ್ದು. ಕರೆಂಟು ಹಗಲು ಬರುತ್ತದೋ ನಡುರಾತ್ರಿ ಬರುತ್ತದೋ, ಅದಕ್ಕೆಂದು ಎಲ್ಲರೂ ಸ್ಟಾರ್ಟರಿನ ಹಸಿರು ಗುಂಡಿಗೆ ತೆಂಗಿನ ಮಟ್ಟೆಯ ಚಕ್ಕೆಯೊಂದನ್ನು ಬಿಗಿಯಾಗಿ ಸಿಕ್ಕಿಸಿರುತ್ತಾರೆ, ಕರೆಂಟು ಬಂದರೆ ಮೋಟಾರು ತಾನೇ ಏಳುತ್ತದೆ, ಹೋದರೆ ತಾನೇ ನಿಲ್ಲುತ್ತದೆ. ತನ್ನ ಮೋಟಾರೂ ಹಾಗೆಯೇ. ಗೊತ್ತಿದ್ದೂ ಕೇಳಿಸಿಕೊಳ್ಳುತ್ತಿದ್ದನಲ್ಲ, ದಿನವೂ, ಆಚೆಯ ಮೋಟಾರು ಗೊರ್ ಅಂದ ಕೂಡಲೆ, ಕೆಂಪ ಅವ್ನೆ ಬುಡು, ನೀರು ಹಾಯಿಸ್ತಾವ್ನೆ, ಅವ್ನಿಗೇನಾಗಿದೆ, ಅಂತ. ಅವನ ಹೆಂಡತಿ ಬೋರಮ್ಮ ಸತ್ತು ನಾಲ್ಕು ವರ್ಷ, ಮಕ್ಕಳಿಲ್ಲ, ಊರೊಳಗಿನ ಮನೆಗೆ ಬೀಗ ಹಾಕಿ ತೋಟದ ಗುಡಿಸಲಿಗೆ ಬಂದುಬಿಟ್ಟಿದ್ದ, ಮೊದಮೊದಲು ಸಂಜೆಯಾದರೆ ಬರುತ್ತಿದ್ದ, ಬೆಂಕಿಪೊಟ್ಟಣ ಐತೇನ್ಲಾ ಅಂತ, ಜೇಬಿನಲ್ಲಿ ಬೆಂಕಿಪೊಟ್ಟಣ ಗಲಗಲ ಅನ್ನುತ್ತಿದ್ದರೂ, ಜಗುಲಿಯಲ್ಲಿ ಕೂತರೆ ಏಳುತ್ತಿರಲಿಲ್ಲ, ಹೇಳಿದ್ದನ್ನೇ ಹೇಳುತ್ತಿದ್ದ, ಬೋರಿ ಕಡೇ ದಿನ ಉಪ್ಪೆಸರು ಕೇಳಿದ್ದು, ತಾನು ಮಾಡಿಕೊಡುವಷ್ಟರಲ್ಲಿ ಹೋಗಿದ್ದು, ಎಷ್ಟು ಸಲ ಕೇಳುವುದು ಒಬ್ಬ ಮನುಷ್ಯ. ದೀಪಾವಳಿ ಆದ ಮಾರನೆಯ ವಾರ ಅವನ ಕೆಮ್ಮು ಬೀದಿಯಲ್ಲಿ ಕೇಳಿದ ಕೂಡಲೆ ಇವನೇ ಹೆಂಡತಿಗೆ ಕಣ್ಣು ಮಾಡಿದ್ದು, ಚಿಕ್ಕಗೌರಮ್ಮ ಬಾಗಿಲಿಗೆ ಹೋಗಿ, ಅವ್ರಿಲ್ಲ ಕಣಣ್ಣ, ಸಂತೆಗೆ ಹೋದ್ರು, ಅಂದಳು, ಒಳಗೆ ಮುದ್ದೆಯ ಮೇಲೆ ಕೈಯಿಟ್ಟುಕೊಂಡು ಇವನು ಉಸಿರು ಬಿಗಿಹಿಡಿದು ಕೂತಿದ್ದ. ಕೆಂಪಯ್ಯನ ಜೇಬಿನ ಬೆಂಕಿಪೊಟ್ಟಣ ಒಮ್ಮೆ ಗಲಗಲ ಅಂದಿತು. ಆಮೇಲೆ, ಸರಿ ಬುಡವ್ವ, ಸುಮ್ಕೆ ಬಂದಿದ್ದೆ, ಅಂತ ಹೊರಟ. ಎದ್ದು ನೋಡಿದರೆ ಇವನ ಚಪ್ಪಲಿ ಹೊಸಿಲ ಮುಂದೆಯೇ ಬಿದ್ದಿತ್ತು. ಇಬ್ಬರೂ ನಕ್ಕರು, ಗಂಡ ಹೆಂಡತಿ. ನಕ್ಕರು. ಅವನು ಮತ್ತೆ ಬರಲಿಲ್ಲ, ಅಂಗಡಿ ಹುಚ್ಚಕ್ಕ ಒಂದು ಸಲ ಅಂದಿದ್ದಳು, ಕೆಂಪಣ್ಣ ಸೊರಗೋಗವ್ನೆ ಕಣಪ್ಪ, ಒಲೆ ಹಚ್ಚಂಗೇ ಕಾಣಾಕಿಲ್ಲ, ಬರೀ ಬನ್ನು ತಗೊಂಡೋಗ್ತಾನೆ, ಒಬ್ಬೊಬ್ನೇ ತುಟಿ ಆಡಿಸ್ತಾನೆ — ಇವನು, ಮೋಟಾರು ಓಡ್ತೈತಲ್ಲ ಚೆನ್ನಾಗವ್ನೆ ತಗಾ, ಅಂದಿದ್ದ.

ಅವಳ ಬಳೆ ಸದ್ದು. ಚಿಕ್ಕಗೌರಮ್ಮ ಪಕ್ಕದಲ್ಲೇ ಕೂತಿದ್ದಾಳೆ, ಸೆರಗನ್ನು ಬಾಯಿಗೆ ಒತ್ತಿಕೊಂಡು, ತಿರುಗಿ ನೋಡುತ್ತಿಲ್ಲ, ಅವಳಿಗೂ ಗೊತ್ತು, ನಿನ್ನೆ ಬೈಗು ಅಲ್ಲವೆಂದು. ಸೋಮವಾರ. ಹೊತ್ತು ಹುಟ್ಟುವಾಗ ಬೇಲಿಯಡಿಯಿಂದ ನೀರು ಬದುವಿನವರೆಗೆ ಬಂದು ನಿಂತಿತ್ತು, ತಿಳಿಯಾಗಿ, ಒಣಗಿದ ಸೋಗೆಯನ್ನು ತೇಲಿಸಿಕೊಂಡು, ಕೆಂಪ ಕಾಲುವೆ ತಿರುಗಿಸುವುದು ಮರೆತಿದ್ದಾನೆ ಅಂದುಕೊಂಡ, ತನ್ನ ಬಾವಿ ತಳ ಕಂಡಿತ್ತು, ಹೋದ ವರ್ಷ ನೆಟ್ಟ ನಲವತ್ತು ತೆಂಗಿನ ಸಸಿ ಗರಿ ಮುದುಡಿ ನಿಂತಿದ್ದವು, ಗುದ್ದಲಿ ತಂದು ಬದು ಕಡಿದ, ನೀರು ಹರಿಯಿತು, ಹೆಂಡತಿ, ಕೆಂಪಣ್ಣಂಗೆ ಒಂದ್ಮಾತು ಹೇಳಬಾರ್ದಾ ಅಂದಳು, ಸುಮ್ಕಿರೇ, ಕೂಗಿದ್ರೆ ಬಂದು ಕಟ್ಟಿಬಿಡ್ತಾನೆ, ಅಂದ. ಕೂಗಿದರೆ ಬರುತ್ತಾನೆ ಅಂತ ಕೂಗಲಿಲ್ಲ. ಮಂಗಳವಾರವೂ ನೀರು. ಗಂಟಲಲ್ಲಿ ಬಂದ ಕೆಮ್ಮನ್ನು ನುಂಗಿಕೊಂಡು, ಗುದ್ದಲಿಯನ್ನು ಮೆಲ್ಲಗೆ ಇಳಿಸುತ್ತ, ಸಸಿಯಿಂದ ಸಸಿಗೆ ತಿರುಗಿಸಿದ. ಬುಧವಾರ — ಬುಧವಾರ ಬೇಲಿಯಾಚೆ ಏನೋ ಕೂಗಿತು, ಕರು ಅರಚಿದ ಹಾಗೆ, ಎಳೆದು, ಎರಡು ಸಲ, ಕೆಂಪನ ಹತ್ತಿರ ಕರು ಎಲ್ಲಿದೆ ಅಂತ ಒಂದು ಗಳಿಗೆ ನಿಂತನಲ್ಲ, ಗುದ್ದಲಿಯ ಮೇಲೆ ಗದ್ದ ಊರಿ ನಿಂತನಲ್ಲ, ಆಮೇಲೆ ಮುಂದಿನ ಸಸಿಗೆ ನೀರು ಬಿಟ್ಟ. ಆ ನೀರು ಎಲ್ಲಿಂದ ಬರುತ್ತಿತ್ತು, ಯಾರನ್ನು ಸುತ್ತಿಕೊಂಡು ಬರುತ್ತಿತ್ತು. ತಲೆ ದಂಡೆಯ ಮೇಲೆ, ಕಾಲು ಕಾಲುವೆಯೊಳಗೆ, ಮೂರು ಹಗಲು ಮೂರು ರಾತ್ರಿ, ಎಡಗೈಯಲ್ಲಿ ಗುಟುಕು ಗುಟುಕಾಗಿ ಮೊಗೆದು ಅದನ್ನೇ ಕುಡಿದಿರಬೇಕು, ಅದೇ ಅವನನ್ನು ಉಳಿಸಿರಬೇಕು, ಮಿಕ್ಕಿದ್ದು ಅವನ ಅಂಗಾಲನ್ನು ತೊಳೆದುಕೊಂಡು ಈಚೆಗೆ ಬಂತು, ತನ್ನ ಸಸಿಗಳಿಗೆ. ಈವತ್ತು ಗುರುವಾರ ಕರೆಂಟು ಬಂದಿತ್ತು, ಬಾವಿಯ ತಳದಲ್ಲಿ ಒಸರಿದ ಚೂರು ನೀರಿಗೆ ತನ್ನ ಮೋಟಾರು ಓಡುತ್ತಿತ್ತು, ಆಚೆಯದು ಓಡುತ್ತಿರಲಿಲ್ಲ. ನೀರು ಬರಲಿಲ್ಲ. ಇನ್ನೂ ಹನ್ನೊಂದು ಸಸಿ ಉಳಿದಿದ್ದವು. ಯಾಕೆ ನಿಂತಿತು ನೋಡೋಣ ಅಂತ ಬೇಲಿ ಹಾರಿದ, ದೇವರ ಹಾಗೆ ಹೋದೆಯಂತೆ ಕಣಪ್ಪ, ನೀರು ನಿಂತಿದ್ದಕ್ಕೆ ಹೋದದ್ದು, ಸುಟ್ಟ ಮೋಟಾರಿನ ವಾಸನೆ ಮೂಗಿಗೆ ಬಡಿದು ಥೂ ಅಂದು ತಿರುಗಿದರೆ ಕಾಲುವೆಯ ತಿರುವಿನಲ್ಲಿ ಮೊದಲು ಕಂಡದ್ದು ಆ ಬಿಳಿ ಎರಡು, ಯಾವುದೋ ಬಟ್ಟೆ ಬಿದ್ದಿದೆ ಅಂದುಕೊಂಡ.

ಬಾಗಿಲು ತೆರೆಯಿತು. ಡಾಕ್ಟರು, ಕತ್ತಿನ ಕೊಳವೆಯನ್ನು ಕೈಗೆ ಸುತ್ತಿಕೊಳ್ಳುತ್ತ, ಮಾತು ಹೋಗಿದೆ ಯಜಮಾನ್ರೇ, ಆದರೆ ಕಿವಿ ಚೆನ್ನಾಗಿ ಕೇಳಿಸುತ್ತೆ, ಎಲ್ಲಾ ಗೊತ್ತಾಗುತ್ತೆ ಅವರಿಗೆ, ಬನ್ನಿ ಒಳಗೆ, ಏನಾದರೂ ಮಾತಾಡಿ. ಕಿವಿ ಕೇಳಿಸುತ್ತದೆ. ಎದ್ದ, ಕಿವಿ ಕೇಳಿಸುತ್ತದೆ ಅಂದರೆ ಗುದ್ದಲಿ ಕೇಳಿಸಿದೆ, ಎಷ್ಟೇ ಮೆಲ್ಲಗೆ ಇಳಿಸಿದರೂ ಹದಿನೈದು ಹೆಜ್ಜೆ, ಸುಮ್ಕಿರೇ ಅಂದದ್ದು ಕೇಳಿಸಿದೆ, ರಂಗ ಅಲ್ಲೇ ಅವ್ನೆ ಅಂತ ಗೊತ್ತಿದ್ದೇ ಕೂಗಿದ್ದಾನೆ, ಗೊತ್ತಿದ್ದೇ ಆಮೇಲೆ ಸುಮ್ಮನಾಗಿದ್ದಾನೆ. ಮಂಚದ ಹತ್ತಿರ ನಿಂತ. ಕೆಂಪಯ್ಯ ಸೂರು ನೋಡುತ್ತಿದ್ದ, ಇತ್ತ ತಿರುಗಲಿಲ್ಲ. ಇವರ ಮೂತ್ರ ಕಂದು ತಿರುಗಿರೋದು ನೋಡಿದರೆ ನಿನ್ನೆ ಬಿದ್ದ ಹಾಗೆ ಕಾಣಲ್ಲಪ್ಪ, ಎಂದರು ಡಾಕ್ಟರು, ಯಾರಿಗಾದರೂ ಸರಿಯಾಗಿ ಗೊತ್ತೇನು. ನಿನ್ನೇನೇ ಸ್ವಾಮಿ, ಅಂದಳು ಚಿಕ್ಕಗೌರಮ್ಮ. ಸೋಮವಾರ, ಅಂದ ಹುಚ್ಚರಂಗಯ್ಯ. ಹಿಂದಿನಿಂದ ಅವಳ ಕೈ ಅಂಗಿಯನ್ನು ಜಗ್ಗಿತು. ಸೋಮ್ವಾರ ಹೊತ್ತಾರೆ ಬಿದ್ದಿರೋದು, ಮೂರು ದಿನ ಆಗೈತೆ ಸ್ವಾಮಿ. ಡಾಕ್ಟರು ನರ್ಸಿನ ಕಡೆ ತಿರುಗಿ ಏನೋ ಬೇಗಬೇಗ ಹೇಳಿದರು, ಬರೆದರು, ಆಮೇಲೆ ಪೆನ್ನು ನಿಲ್ಲಿಸಿ, ನಿಮಗೆ ಹೇಗೆ ಗೊತ್ತು? ನೀರು ಬಂತು ಸ್ವಾಮಿ, ನಮ್ಮ ತೋಟಕ್ಕೆ. ಬಂದಾಗ ಹೋಗಿ ನೋಡಲಿಲ್ವೇನಪ್ಪ? ಇಲ್ಲ. ಗುದ್ದಲಿ ತಗೊಂಡೆ. ಬದು ಕಡಿದೆ. ಆಮೇಲೆ — ಆಮೇಲೆ ಅಂದ, ಇನ್ನೊಂದು ಸಲ ಆಮೇಲೆ ಅಂದ, ಹೊದಿಸಿದ ಬಟ್ಟೆ ಕಾಲಿನ ತುದಿಗೆ ಸಾಲದೆ ಮೇಲಕ್ಕೆ ಸರಿದಿತ್ತು, ಎರಡೂ ಅವನ ಕಡೆಗೇ ಮುಖ ಮಾಡಿ ನಿಂತಿದ್ದವು, ಬೆಳ್ಳಗೆ, ಬಿರುಕು ಬಿರುಕಾಗಿ, ಮಣ್ಣಿನ ಗುರುತೇ ಇಲ್ಲದ ಅಂಗಾಲು, ಆಮೇಲೆ ಸ್ವಾಮಿ, ಅಂಗಾಲು, ಬಿಳಿ ಅಂಗಾಲು