ಕಬ್ಬಿಣ ಮುಟ್ಟಿ ಬರುವ ಅಕ್ಕಯ್ಯಮ್ಮ

ಅಕ್ಕಯ್ಯಮ್ಮನವರು ಯಾವ ವಸ್ತುವನ್ನೇ ಆಗಲಿ ಮುಟ್ಟುವ ಮೊದಲು ಕಬ್ಬಿಣವನ್ನು ಮುಟ್ಟುತ್ತಾರೆ. ಕಿಟಕಿಯ ಸರಳೋ, ನೀರಿನ ನಲ್ಲಿಯ ಕೊಳವೆಯೋ, ಬಾಗಿಲ ಅಗುಳಿಯೋ, ಹತ್ತಿರದಲ್ಲಿ ಏನಿದೆಯೋ ಅದರ ಮೇಲೆ ಬಲಗೈಯ ಎರಡು ಬೆರಳುಗಳನ್ನು ಕ್ಷಣಕಾಲ ಊರಿ, ದೇವರ ಮುಂದೆ ನಿಂತವರಂತೆ ಸುಮ್ಮನಾಗಿ, ಆಮೇಲೆ ರೇಡಿಯೊಗೆ, ಟಿ.ವಿ.ಗೆ, ಕಂಪ್ಯೂಟರಿಗೆ ಕೈ ಹಾಕುತ್ತಾರೆ. ಅಭ್ಯಾಸ ಎಷ್ಟು ಆಳಕ್ಕೆ ಇಳಿದಿದೆಯೆಂದರೆ ಮಗುವಿನ ಕೆನ್ನೆ ಸವರುವ ಮೊದಲು ತೊಟ್ಟಿಲ ಸರಪಳಿಯನ್ನು ಮುಟ್ಟುತ್ತಾರೆ. ಕಂಡಕ್ಟರನಿಂದ ಟಿಕೆಟು ತೆಗೆದುಕೊಳ್ಳುವ ಮೊದಲು ಮುಂದಿನ ಸೀಟಿನ ಕಂಬಿಯನ್ನು ಮುಟ್ಟುತ್ತಾರೆ. "ಬಸ್ಸಿನ ಕಂಬಿ ಮುಟ್ಟಿ ಏನೂ ಪ್ರಯೋಜನ ಇಲ್ಲ ಕಣಮ್ಮ, ಬಸ್ಸು ರಬ್ಬರ್ ಚಕ್ರದ ಮೇಲೆ ನಿಂತೈತೆ, ನೆಲ ಸಿಗಲ್ಲ. ಕೈ ಮಾತು ಕೇಳಲ್ಲ, ಅಂತೇ" ಎಂದು ತಾವೇ ಒಮ್ಮೆ ನನಗೆ ಹೇಳಿದ್ದರು. ಅಷ್ಟೇ ಎನ್ನುವುದಕ್ಕೆ ನಮ್ಮ ಕಡೆಯ ತೆಲುಗಿನಲ್ಲಿರುವ ಆ ‘ಅಂತೇ’ ಅವರ ಮಾತಿನ ತುದಿಯಲ್ಲಿ ಬಂದು ನಿಲ್ಲುತ್ತದೆ, ತಿರುಪು ಕೊನೆಯ ಸುತ್ತಿಗೆ ಬಂದು ಬಿಗಿಯಾದ ಹಾಗೆ.

ಶಿಡ್ಲಘಟ್ಟದ ಜನ ಈ ಅಭ್ಯಾಸಕ್ಕೆ ತಮಗೆ ತೋಚಿದ ಕಾರಣಗಳನ್ನು ಕಟ್ಟಿದ್ದಾರೆ. ಗಾಳಿ ಸೋಂಕೀತೆಂಬ ಭಯಕ್ಕೆ ಕಬ್ಬಿಣ ಹಿಡಿಯುತ್ತಾಳೆ ಎನ್ನುವವರಿದ್ದಾರೆ, ಗಂಡ ತೀರಿದ ಮೇಲೆ ತಲೆ ಸ್ವಲ್ಪ ಅತ್ತಿತ್ತ ಆಗಿದೆ ಎನ್ನುವವರಿದ್ದಾರೆ. ನಿಜವಾದ ಕಾರಣ ಸಣ್ಣದು. ಹದಿನೆಂಟು ವರ್ಷ ಅವರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಸಾಲಾಗಿ ಕೂತ ನೂರು ಹೆಂಗಸರ ನಡುವೆ ಕೂತು ಎಲೆಕ್ಟ್ರಾನಿಕ್ ಹಲಗೆಗಳಿಗೆ ಬೆಸುಗೆ ಹಾಕುತ್ತಿದ್ದರು. ನಮ್ಮ ಮೈಯಲ್ಲಿ ನಮಗೇ ತಿಳಿಯದಂತೆ ಕೂತಿರುವ ಒಂದಿಷ್ಟು ವಿದ್ಯುತ್ತು ಬೆರಳ ತುದಿಯಿಂದ ಹಾರಿದರೆ ಸಾಕು, ಆ ಹಲಗೆಯ ಮೇಲಿನ ಸೂಕ್ಷ್ಮವಾದ ತುಣುಕೊಂದು ಸದ್ದಿಲ್ಲದೆ ಸಾಯುತ್ತದೆ. ಅದಕ್ಕಾಗಿ ಮೊದಲು ಆ ವಿದ್ಯುತ್ತನ್ನು ನೆಲಕ್ಕೆ ಇಳಿಸಬೇಕು. ಕಾರ್ಖಾನೆಯಲ್ಲಿ ಇದಕ್ಕೆ ಮಣಿಕಟ್ಟಿನ ಪಟ್ಟಿಯಿತ್ತು. ಇಲ್ಲಿ ನಲ್ಲಿಯ ಕೊಳವೆ ಇದೆ.

ಅವರ ನಡಿಗೆಯಲ್ಲೂ ಆ ಹದಿನೆಂಟು ವರ್ಷಗಳಿವೆ. ಆಗ ತಾವಿದ್ದ ತೊಂಡೇಬಾವಿಯ ಸ್ಟೇಷನ್ನಿನಲ್ಲಿ ಬೆಂಗಳೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲು ಹಿಡಿಯಲು ನಡೆದ ಆ ಗಿಡ್ಡ, ಚುರುಕು ಹೆಜ್ಜೆಗಳನ್ನು ಅವರು ಈಗಲೂ ಇಡುತ್ತಾರೆ, ಶಿಡ್ಲಘಟ್ಟದಲ್ಲಿ ಹಿಡಿಯಬೇಕಾದ ರೈಲು ಯಾವುದೂ ಇಲ್ಲದಿದ್ದರೂ. ಸೀರೆಯ ಮೇಲೆ ತಿಳಿ ನೀಲಿಯ ಕಾರ್ಖಾನೆಯ ಕೋಟು. ಜೇಬಿನ ಮೇಲಿದ್ದ ಕಂಪನಿಯ ಹೆಸರನ್ನು ಸೂಜಿಯಿಂದ ಎಳೆಎಳೆಯಾಗಿ ಬಿಡಿಸಿ ತೆಗೆದಿದ್ದಾರೆ; ಆ ಜಾಗದಲ್ಲಿ ಮಾತ್ರ ಬಣ್ಣ ಇನ್ನೂ ಹೊಸದಾಗಿದೆ. "ಕಾರ್ಖಾನೆ ನನ್ನ ಬಿಡ್ತು, ಕೋಟು ಬಿಡ್ಲಿಲ್ಲ" ಎನ್ನುತ್ತಾರೆ. ತೊಂಬತ್ತಾರರಲ್ಲಿ ನೂರಾರು ಜನರನ್ನು ಸ್ವಯಂ ನಿವೃತ್ತಿಯೆಂಬ ಹೆಸರಿನಲ್ಲಿ ಮನೆಗೆ ಕಳಿಸಿದಾಗ ಅವರು ಅಕ್ಕನ ಊರಾದ ಶಿಡ್ಲಘಟ್ಟಕ್ಕೆ ಬಂದು, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು ರಿಪೇರಿ ಕೆಲಸಕ್ಕೆ ಕೂತರು. ಬೋರ್ಡು ಹಾಕಲಿಲ್ಲ.

ಕೆಲವು ಮನೆಗಳವರು ಅವರನ್ನು ಕರೆಸಿದಾಗ ಕೆಟ್ಟ ರೇಡಿಯೊವನ್ನು ಜಗಲಿಗೆ ತಂದಿಡುತ್ತಾರೆ. ಬೇರೆ ರಿಪೇರಿಯವರು ಬಂದರೆ ನಡುಮನೆಯಲ್ಲಿ ಕುರ್ಚಿ ಹಾಕುತ್ತಾರೆ. ಕಾರಣ ಊರಿಗೂ ಗೊತ್ತು, ಅಕ್ಕಯ್ಯಮ್ಮನವರಿಗೂ ಗೊತ್ತು. ಅವರು ಜಗಲಿಯಲ್ಲೇ ಕೂತು, ಕೈ ಚಾಚಿ ಹೊರಗಿನಿಂದಲೇ ಕಿಟಕಿಯ ಸರಳು ಮುಟ್ಟಿ, ಕೆಲಸ ಮುಗಿಸಿ ಏಳುತ್ತಾರೆ. ನಮ್ಮದೂ ಅಂಥದೇ ಮನೆಯೆಂದು ನಾನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಅವರನ್ನು ಕಂಡದ್ದು ಕಳೆದ ವರ್ಷ, ತೊಂಬತ್ತೆಂಟರಲ್ಲಿ. ಚಿಂತಾಮಣಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಲ್ಯಾಬಿನಲ್ಲಿ ಮೂರೇ ಕಂಪ್ಯೂಟರು, ಮೂವತ್ತೆಂಟು ವಿದ್ಯಾರ್ಥಿಗಳು. ನನ್ನ ಸರದಿ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಬೆಂಗಳೂರಿನ ಸೋದರಮಾವ ತಮ್ಮ ಆಫೀಸು ಬೇಡವೆಂದು ಬಿಸಾಡಿದ ಒಂದು ಅಗ್ಗದ ಲ್ಯಾಪ್‌ಟಾಪನ್ನು ತಂದುಕೊಟ್ಟರು. ಇಟ್ಟಿಗೆಯಷ್ಟು ದಪ್ಪ, ಫ್ಲಾಪಿ ಹಾಕುವ ಬಾಯಿ ಕೆಟ್ಟಿತ್ತು, ಬ್ಯಾಟರಿ ನೆಪಕ್ಕಿತ್ತು. ಅದರಲ್ಲೇ ನಾನು ಎರಡು ತಿಂಗಳು ಕೂತು ನನ್ನ ಪ್ರಾಜೆಕ್ಟನ್ನು ಬರೆದೆ: ರೇಷ್ಮೆ ಸಾಕುವವರು ಇಷ್ಟು ಮೊಟ್ಟೆಗೆ ಯಾವ ದಿನ ಎಷ್ಟು ಹಿಪ್ಪುನೇರಳೆ ಸೊಪ್ಪು ಬೇಕೆಂದು ತಿಳಿದುಕೊಳ್ಳುವ ಪ್ರೋಗ್ರಾಂ. ಒಪ್ಪಿಸಲು ಎಂಟು ದಿನ ಉಳಿದಿರುವಾಗ ಒಂದು ಬೆಳಿಗ್ಗೆ ಪರದೆ ಬೆಳಗಲಿಲ್ಲ. ಹಸಿರು ದೀಪ ಹತ್ತಿತು, ಒಳಗಿನಿಂದ ಮೂರು ಸಲ ಕೀಕ್ ಎಂದಿತು, ಅಷ್ಟೇ.

ನಮ್ಮ ಮನೆಯಲ್ಲಿ ಒಂದು ಸಲಕ್ಕೆ ಒಬ್ಬರ ಓದು ಎಂಬ ಒಪ್ಪಂದವಿತ್ತು. ಮುಂದಿನ ಜೂನಿನಿಂದ ತಮ್ಮನ ಸರದಿ. ನನ್ನ ಓದು ಒಂದು ವರ್ಷ ಜಾರಿದರೆ ಅದು ಜಾರಿದಂತೆಯೇ, ಮತ್ತೆ ಹತ್ತಲು ಮೆಟ್ಟಿಲಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಚಿಂತಾಮಣಿಯ ಅಂಗಡಿಯವನೊಬ್ಬ ಲ್ಯಾಪ್‌ಟಾಪನ್ನು ತಿರುವಿ ನೋಡಿ, ಡಿಸ್ಕು ಹೋಗಿದೆ, ಒಳಗಿದ್ದದ್ದೆಲ್ಲ ಹೋದ ಹಾಗೆಯೇ ಎಂದ. ನಮ್ಮ ಕಂಪ್ಯೂಟರ್ ಮೇಷ್ಟ್ರು ರಾಮಾಂಜಿನಪ್ಪನವರು ನನ್ನ ಮುಖ ನೋಡಿ, ಒಂದು ಚೀಟಿಯಲ್ಲಿ ಶಿಡ್ಲಘಟ್ಟದ ಆ ಓಣಿಯ ಗುರುತು ಬರೆದುಕೊಟ್ಟು, "ಆಯಮ್ಮನ ಹತ್ರ ಹೋಗಮ್ಮ. ಬೈತಾರೆ, ಬೈಸ್ಕೊ" ಎಂದರು.

ಅಕ್ಕಯ್ಯಮ್ಮನವರು ಬೈಯಲಿಲ್ಲ. ಸ್ವಿಚ್ಚು ಹಾಕಿಸಿ, ಕಣ್ಣು ಮುಚ್ಚಿ, ಆ ಮೂರು ಕೂಗನ್ನು ಕೇಳಿದರು. ಇನ್ನೊಂದು ಸಲ ಹಾಕಿಸಿದರು. 

"ಡಿಸ್ಕು ಹೋಗೈತೆ ಅಂದೋರು ಯಾರು?"

"ಅಂಗಡಿಯವರು."

"ಹೊಟ್ಟೆ ನೋವು ಅಂದ್ರೆ ತಲೆ ಬೋಳಿಸೋ ಅಂಥೋನು. ಮೂರು ಸಲ ಕೂಗ್ತು ಅಂದ್ರೆ ಮೆಮೊರಿ ಸಿಕ್ತಿಲ್ಲ ಅಂತ. ಡಿಸ್ಕಿನ ಮಾತೇ ಇನ್ನೂ ಬಂದಿಲ್ಲ. ನಿನ್ನ ಬರಹ ಅಲ್ಲೇ ಐತೆ, ಅಂತೇ."

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವರು ನನ್ನ ಕಡೆ ನೋಡದೆ ಒಂದು ಲೋಟ ನೀರನ್ನು ಸರಿಸಿದರು.

ಆಮೇಲೆ ನಾನು ಕಂಡದ್ದನ್ನು ನಮ್ಮ ಸೀಮೆಯಲ್ಲಲ್ಲದೆ ಬೇರೆಲ್ಲೂ ಕಾಣಲಾರೆ. ಮೇವು ಮುಗಿಸಿ ಹಣ್ಣಾದ ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಂಕಿಯಲ್ಲಿ ನಡುವಿನಿಂದ ಹೊರಕ್ಕೆ ಸುರುಳಿಯಾಗಿ ಸುತ್ತಿದ ಒಂದು ದಾರಿಯಿರುತ್ತದಲ್ಲ, ಅಂಥದೇ ಒಂದನ್ನು ಅವರು ತಟ್ಟೆಯಗಲಕ್ಕೆ ಹೆಣೆಸಿಕೊಂಡಿದ್ದರು. ಬಿಚ್ಚಿದ ಮೊದಲ ತಿರುಪನ್ನು ಸುರುಳಿಯ ಹೊರಬಾಯಿಯಲ್ಲಿಟ್ಟರು, ಎರಡನೆಯದನ್ನು ಅದರ ಹಿಂದೆ, ಮೂರನೆಯದನ್ನು ಅದರ ಹಿಂದೆ. ಯಂತ್ರದ ಒಳಗೆ ಇಳಿದಂತೆಲ್ಲ ತಿರುಪುಗಳು ಸುರುಳಿಯ ನಡುವಿಗೆ ಸರಿದವು. ಜೋಡಿಸುವಾಗ ನಡುವಿನಿಂದ ಹೊರಕ್ಕೆ ಬಂದರಾಯಿತು. ಯಾವ ತಿರುಪು ಯಾವ ತೂತಿನದೆಂದು ಯಾರನ್ನೂ ಕೇಳಬೇಕಿಲ್ಲ. ಮೆಮೊರಿಯೆಂಬ ಬೆರಳುದ್ದದ ಹಲಗೆಯನ್ನು ತೆಗೆದು, ಅದರ ಅಂಚಿನಲ್ಲಿ ಕಪ್ಪಿಟ್ಟಿದ್ದ ಹಲ್ಲುಗಳನ್ನು ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ಉಜ್ಜಿ, ಮರಳಿ ಕೂರಿಸಿದರು. ಪರದೆ ಬೆಳಗಿತು. ನನ್ನ ಪ್ರೋಗ್ರಾಂ ಅಲ್ಲೇ ಇತ್ತು.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ಬೆಳಿಗ್ಗೆ ಮತ್ತೆ ಅದೇ ಕತ್ತಲೆ, ಅದೇ ಮೂರು ಕೂಗು. ಐದು ದಿನ ಉಳಿದಿತ್ತು.

ನಮ್ಮ ಹಳ್ಳಿಯ ಎಸ್.ಟಿ.ಡಿ. ಬೂತಿನಿಂದ ಅವರ ಪಕ್ಕದ ಅಂಗಡಿಗೆ ಫೋನು ಮಾಡಿದೆ. ಇನ್ನೊಬ್ಬರಾಗಿದ್ದರೆ ನೀನು ಏನು ಮಾಡಿದೆ, ಎಲ್ಲಿ ಬೀಳಿಸಿದೆ ಎಂದು ಕೇಳುತ್ತಿದ್ದರು. ಅವರು ಮಾತ್ರ, "ತಪ್ಪು ನಂದೇ ಕಣಮ್ಮ" ಎಂದರು. "ರೋಗಕ್ಕೆ ಮದ್ದು ಕೊಟ್ಟೆ, ರೋಗಿ ಎಲ್ಲಿ ಮಲಗ್ತಾಳೆ ಅಂತ ಕೇಳ್ಲಿಲ್ಲ. ಅದನ್ನ ಎತ್ತಬೇಡ, ಎಲ್ಲೈತೋ ಅಲ್ಲೇ ಇರ್ಲಿ. ನಾನೇ ಬರ್ತೀನಿ."

ಹನ್ನೊಂದು ಗಂಟೆಯ ಬಸ್ಸಿಗೆ ಇಳಿದರು. ಅದೇ ಕೋಟು, ಕೈಯಲ್ಲಿ ಒಂದು ಟಿಫಿನ್ ಕ್ಯಾರಿಯರು. ಅದರ ಮೇಲಿನ ಡಬ್ಬಿಯಲ್ಲಿ ಸಲಕರಣೆ, ಕೆಳಗಿನದರಲ್ಲಿ ಚಿತ್ರಾನ್ನ. ನಮ್ಮ ಅಮ್ಮ ಚಿಕ್ಕವೆಂಕಟಮ್ಮ ಅವರು ಬರುವುದನ್ನು ನೋಡಿ ಜಗಲಿಯ ಮೇಲೆ ಚಾಪೆ ಹಾಸಿದಳು. ನನಗೆ ಮುಖವೆತ್ತಲಾಗಲಿಲ್ಲ. ಅವರು ಚಾಪೆಯ ಮೇಲೆ ಕೂರದೆ, "ಲ್ಯಾಪ್‌ಟಾಪು ಎಲ್ಲೈತೆ?" ಎಂದು ಕೇಳಿದರು.

"ಹುಳುಮನೇಲಿ" ಎಂದೆ.

ರೇಷ್ಮೆ ಹುಳು ಸಾಕುವ ಕೋಣೆಗಿಂತ ಶುಚಿಯಾದ ಜಾಗ ನಮ್ಮಂಥ ಮನೆಗಳಲ್ಲಿ ಇರುವುದಿಲ್ಲ. ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿರುತ್ತಾರೆ. ಇಲಿ ಸುಳಿಯದು, ಚಪ್ಪಲಿ ದಾಟದು, ಕಿಟಕಿಗೆ ನೊಣದ ಪರದೆ. ಮಗಳ ಓದು ಇರುವ ಪೆಟ್ಟಿಗೆಯನ್ನು ಅಮ್ಮ ಇಟ್ಟದ್ದು ಅಲ್ಲಿ, ಹುಳುವಿನ ತಟ್ಟೆಗಳ ಮೇಲಿನ ಸಾಲಿನಲ್ಲಿ, ತೊಳೆದ ಪಂಚೆಯ ಮೇಲೆ. ನನಗೂ ಅದು ಸರಿಯೆಂದೇ ಅನ್ನಿಸಿತ್ತು.

"ನಾನು ಒಳಗೆ ನೋಡ್ಬೇಕಲ್ಲಮ್ಮ" ಎಂದರು ಅಕ್ಕಯ್ಯಮ್ಮ.

"ಹುಳುಮನೆಗೆ ಹೊರಗಿನೋರನ್ನ ಯಾರನ್ನೂ ಬಿಡಲ್ಲ ನಾನು. ನಾಲ್ಕನೇ ಜ್ವರಕ್ಕೆ ಕೂತವೆ" ಎಂದಳು ಅಮ್ಮ. ಹುಳು ಪೊರೆ ಬಿಡಲು ಮೇವು ಬಿಟ್ಟು ಅಲುಗದೆ ಕೂರುವುದನ್ನು ನಾವು ಜ್ವರವೆನ್ನುತ್ತೇವೆ. ಅಮ್ಮ ಹೇಳಿದ್ದು ಸುಳ್ಳಲ್ಲ. ಆ ಹೊತ್ತಿನಲ್ಲಿ ಅಪ್ಪನಿಗೂ ಪ್ರವೇಶವಿರಲಿಲ್ಲ. ಆದರೂ ಅದರಲ್ಲಿ ಎಷ್ಟು ಜ್ವರದ ಮಾತು, ಎಷ್ಟು ಜಗಲಿಯ ಮಾತು ಎಂದು ನಾನು ತೂಗುತ್ತ ನಿಂತೆ.

ಅಕ್ಕಯ್ಯಮ್ಮ ಚಪ್ಪಲಿ ಕಳಚಿದರು. ಕೋಟನ್ನು ಬಿಚ್ಚಿ ಮಡಿಸಿ ಜಗಲಿಯ ಮೇಲಿಟ್ಟರು. ಹುಳುಮನೆಯ ಹೊಸ್ತಿಲ ಪಕ್ಕ ಕಾಲು ತೊಳೆಯಲು ಇಟ್ಟಿದ್ದ ಬ್ಲೀಚಿಂಗ್ ಪುಡಿಯ ನೀರಿನಲ್ಲಿ, ಯಾರೂ ಹೇಳುವ ಮೊದಲೇ, ಕಾಲಿನ ಸಂದುಸಂದನ್ನೂ ನೆನೆಸಿದರು, ಮೊಣಕೈವರೆಗೆ ಕೈ ತೊಳೆದರು. ಆಮೇಲೆ ಒದ್ದೆ ಕೈ ಒರೆಸಿಕೊಂಡು, ಎರಡು ಬೆರಳಿನಿಂದ ಕಿಟಕಿಯ ಸರಳು ಮುಟ್ಟಿ, ಸುಮ್ಮನೆ ನಿಂತರು.

ಅಮ್ಮ ಇದನ್ನೆಲ್ಲ ಸೆರಗು ಹಿಡಿದು ನೋಡುತ್ತಿದ್ದಳು. "ಅದ್ಯಾಕೆ ಮುಟ್ಟಿದ್ದು?"

"ನನ್ನ ಕೈಯಾಗಿರೋ ಕೆಟ್ಟದ್ದು ಅದರೊಳಕ್ಕೆ ಹೋಗ್ಬಾರದಲ್ಲ."

ದಿನಕ್ಕೆ ಹತ್ತು ಸಲ ಕೈಕಾಲು ತೊಳೆದು, ಉಸಿರು ಸಹ ಅಳೆದು ಬಿಟ್ಟು ಹುಳುವಿನ ಮುಂದೆ ನಿಲ್ಲುವ ಹೆಂಗಸು ಅಮ್ಮ. "ನೀನೂ ನನ್ನಂಗೇ ಇದ್ದೀಯಲ್ಲಮ್ಮ" ಎಂದು ಪರದೆಯನ್ನು ತಾನೇ ಎತ್ತಿ ಹಿಡಿದಳು. "ಬಾ. ಜೋರಾಗಿ ಮಾತಾಡಬ್ಯಾಡ, ಅಷ್ಟೆ."

ಒಳಗೆ ಇಬ್ಬರೂ ಪಿಸುಮಾತಿನಲ್ಲೇ ಮಾತಾಡಿದರು. ನೆಲದಲ್ಲಿ ಹಸಿ ಗೋಣಿ, ಗಾಳಿಯಲ್ಲಿ ತೇವ. ಜ್ವರಕ್ಕೆ ಕೂತ ಹುಳುಗಳ ಮೇಲೆ ಹಿಂದಿನ ದಿನ ಉದುರಿಸಿದ ಸುಣ್ಣದ ನವುರು ಪುಡಿ ಪಂಚೆಯ ಮೇಲೆಲ್ಲ ಕೂತಿತ್ತು. ಅಕ್ಕಯ್ಯಮ್ಮ ಅದರ ಮೇಲೆ ಬೆರಳೆಳೆದು ಅಮ್ಮನಿಗೆ ತೋರಿಸಿದರು. "ಹುಳುಗೆ ಇದು ಮದ್ದು. ಇದಕ್ಕೆ ವಿಷ. ತೇವ ಬೇರೆ. ಸುಣ್ಣ ಸಂದಿಗೆ ಹೋಗಿ ಕೂತೈತೆ."

"ಮನೇಲಿ ಇದಕ್ಕಿಂತ ಒಳ್ಳೆ ಜಾಗ ಇಲ್ವಲ್ಲ" ಎಂದಳು ಅಮ್ಮ. ಅವಳ ದನಿ ಮೊದಲ ಬಾರಿ ಕುಗ್ಗಿತು. "ನಾನೇ ಕೆಡಿಸ್ದೆ ಅನ್ನು."

"ಕೆಡಿಸ್ಲಿಲ್ಲ. ಮಗಳಿಗಿಂತ ಹೆಚ್ಚಾಗಿ ನೋಡ್ಕೊಂಡಿದ್ದೀಯ, ಅಂತೇ" ಎಂದರು ಅವರು. ಅಮ್ಮ ನಕ್ಕಳು, ಹುಳುಗಳ ನೆನಪಾಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಪಡಸಾಲೆಯಲ್ಲಿ ಕೂತು ಬಿಚ್ಚಿದ್ದು ನಾನು. "ನೀನೇ ಮಾಡು, ಇನ್ನೊಂದ್ ಸಲ ಹೋದ್ರೆ ನಂಗೆ ಬಸ್ಸಿಗೆ ಬರಕ್ಕಾಗಲ್ಲ" ಎಂದು ತಿರುಪುಳಿ ನನ್ನ ಕೈಗೆ ಕೊಟ್ಟರು. ಸಣ್ಣ ಬ್ರಶ್ಶಿನಿಂದ ಸಂದಿಯ ಸುಣ್ಣ ತೆಗೆಸಿದರು, ರಬ್ಬರಿನಿಂದ ಹಲ್ಲು ಉಜ್ಜಿಸಿದರು. ಸತ್ತ ಇನ್ನೊಂದು ಲ್ಯಾಪ್‌ಟಾಪಿನಿಂದ ಕಿತ್ತು ತಂದಿದ್ದ ಮೆಮೊರಿಯ ಹಲಗೆಯನ್ನು ಖಾಲಿಯಿದ್ದ ಎರಡನೆಯ ಸಂದಿಗೆ ಓರೆಯಾಗಿ ತೂರಿಸಿ ಕೆಳಗೆ ಒತ್ತಲು ಹೇಳಿದರು. ನಾನು ಹೆದರಿ ಹೆದರಿ ಒತ್ತಿದೆ. "ಮಗುಗೆ ಎಣ್ಣೆ ಹಚ್ತಿದ್ದೀಯ? ಒತ್ತು." ಟಕ್ ಎಂದು ಎರಡೂ ಬದಿಯ ಕೊಂಡಿ ಕಚ್ಚಿತು. ಆ ಸದ್ದು ನನ್ನ ಬೆರಳಿನಲ್ಲಿ ಈಗಲೂ ಇದೆ. ಪ್ರತಿ ಸಲವೂ ಸೊಪ್ಪಿನ ಪಟ್ಟಿ ದೊಡ್ಡದಾದಾಗ ನಿಂತುಹೋಗುತ್ತಿದ್ದ ಪ್ರೋಗ್ರಾಂ, ಅಂದು ಉಸಿರು ಕಟ್ಟದೆ ಕೊನೆಯವರೆಗೂ ಓಡಿತು.

ನಾನು ಕುಣಿಯುವಷ್ಟು ಹಿಗ್ಗಿದೆ. ಅವರು ತಂದಿದ್ದ ಹಳೆಯ ಫ್ಲಾಪಿ ಡ್ರೈವನ್ನು ಜೋಡಿಸುತ್ತ, "ಮೊದ್ಲು ಇನ್ನೊಂದು ಕಡೆ ಬರ್ದಿಡು, ಆಮೇಲೆ ಸಂತೋಷ ಪಡು" ಎಂದರು. ಮೂರು ಫ್ಲಾಪಿಗಳಿಗೆ ಬರೆಸಿ, ಒಂದನ್ನು ನನಗೆ, ಒಂದನ್ನು ಅಮ್ಮನಿಗೆ ಕೊಟ್ಟು, ಮೂರನೆಯದನ್ನು ತಮ್ಮ ಟಿಫಿನ್ ಡಬ್ಬಿಗೆ ಹಾಕಿಕೊಂಡರು. "ನಿಮ್ಮಿಬ್ಬರ ಮೇಲೂ ನಂಗೆ ನಂಬಿಕೆ ಇಲ್ಲ."

ಅಮ್ಮ ಅಂದಿನಿಂದ ಪೂರ್ತಿ ಬದಲಾದಳೆಂದು ಹೇಳಿದರೆ ಅದು ನನ್ನ ಆಸೆಯ ಮಾತಾದೀತು. ಆದರೆ ಅಂದು ಊಟಕ್ಕೆ ಎಲೆ ಹಾಕಿದ್ದು ಅಡುಗೆಮನೆಯಲ್ಲಿ. ಚಿತ್ರಾನ್ನವನ್ನು ಮೂವರೂ ಹಂಚಿಕೊಂಡೆವು. ಜಗಲಿಯ ಚಾಪೆಯನ್ನು ಯಾರು ಸುತ್ತಿಟ್ಟರೋ ನಾನು ನೋಡಲಿಲ್ಲ.

ಪ್ರಾಜೆಕ್ಟನ್ನು ಒಂದು ದಿನ ಮೊದಲೇ ಒಪ್ಪಿಸಿದೆ. ಪರೀಕ್ಷಕರು ಎರಡು ಪ್ರಶ್ನೆ ಕೇಳಿ, ತೇರ್ಗಡೆಯೆಂದು ಬರೆದರು. ಜೂನಿನಲ್ಲಿ ತಮ್ಮ ಕಾಲೇಜಿಗೆ ಸೇರಿದ. ನನ್ನ ಸರದಿ ಮುಗಿದದ್ದು ಪೂರ್ಣಗೊಂಡು, ನಡುವೆ ಕಡಿದುಕೊಂಡಲ್ಲ. ಸುದ್ದಿ ಹೇಳಲು ಓಣಿಗೆ ಹೋದರೆ ಅಕ್ಕಯ್ಯಮ್ಮ ಯಾರದೋ ಟಿ.ವಿ.ಯ ಬೆನ್ನು ಬಿಚ್ಚಿಕೊಂಡು ಕೂತಿದ್ದರು. "ಆಯ್ತಲ್ಲ. ಸರಿ" ಎಂದಷ್ಟೇ ಹೇಳಿ, ಬೆಳಕಿಗೆ ಅಡ್ಡ ನಿಲ್ಲಬೇಡವೆಂದು ನನಗೆ ಸನ್ನೆ ಮಾಡಿದರು.

ಕೃತಜ್ಞತೆಯನ್ನು ಹೀಗೆ ಬದಿಗೆ ಸರಿಸುವ ಜನರ ಒಂದು ಕುಲವೇ ನಮ್ಮ ಊರುಗಳಲ್ಲಿದೆ. ಅವರಿಗೆ ಪದವಿಯಿಲ್ಲ, ಫಲಕವಿಲ್ಲ. ದೊಡ್ಡ ಯಂತ್ರಗಳನ್ನು ಕಟ್ಟಿದವರ ಸಾಲಿನಲ್ಲಿ ಅವರ ಹೆಸರಿಲ್ಲ. ಮುರಿದದ್ದನ್ನು ಕಂಡರೆ ಯಾರು ಮುರಿದರೆಂದು ಅವರು ಕೇಳುವುದಿಲ್ಲ, ಅದು ಹೇಗೆ ಬಾಳಿತೆಂದು ಕೇಳುತ್ತಾರೆ. ತಮ್ಮ ತಪ್ಪನ್ನು ಫೋನಿನ ಆ ತುದಿಯಲ್ಲೇ ಒಪ್ಪಿಕೊಂಡು ಮುಂದಿನ ಬಸ್ಸು ಹಿಡಿಯುತ್ತಾರೆ. ಸರಿಯಾಗಿ ನಡೆಯುವ ವಸ್ತು ತನ್ನನ್ನು ಸರಿಮಾಡಿದವರ ಗುರುತನ್ನು ಹೊತ್ತು ತಿರುಗುವುದಿಲ್ಲ, ಆದ್ದರಿಂದ ಇವರನ್ನು ಮರೆಯುವುದು ಬಹಳ ಸುಲಭ. ಕೆಲಸ ಚೆನ್ನಾಗಿ ಆಯಿತೆಂಬುದಕ್ಕೆ ಅವರು ಬಯಸುವ ಸಾಕ್ಷಿಯೂ ಬಹುಶಃ ಆ ಮರೆವೇ. ಅವರಿಗೆ ಅಷ್ಟು ಸಾಕಿರಬಹುದು. ಸರಿಹೋದದ್ದರ ಮೇಲೆ ಬದುಕು ಕಟ್ಟಿಕೊಂಡ ನಮಗೆ ಸಾಲದು.