ಕಟ್ಟೆ ಇಲ್ಲದ ಬಾವಿ, ಓದದೆ ಹಾಕಿದ ಸಹಿ

ಬಾವಿ ಬಂತು, ಕಟ್ಟೆ ಬರಲಿಲ್ಲ. ೧೯೭೪ರ ಯುಗಾದಿಯ ಹೊತ್ತಿಗೆ ರಾಮಗಿರಿ ಸ್ಟೇಷನ್ನಿಂದ ಅರ್ಧ ಹರದಾರಿ ದೂರದ ಒಂದು ಹಟ್ಟಿಯಲ್ಲಿ ಆದದ್ದು ಇಷ್ಟೇ. ಸರ್ಕಾರ ಸೇದುವ ಬಾವಿ ಮಂಜೂರು ಮಾಡಿತು, ಕಂಟ್ರಾಕ್ಟರ್ ನಾಗರಾಜಪ್ಪ ತೋಡಿಸಿದ, ನೀರೂ ಬಂತು. ಒಳ್ಳೆ ಸಿಹಿನೀರು. ಒಳಗಿನ ಕಲ್ಲುಕೆಲಸ ನೆಲದ ಮಟ್ಟಕ್ಕೆ ಬಂದದ್ದೇ ತಡ, ನಾಗರಾಜಪ್ಪನ ಆಳುಗಳು ಸಾಮಾನು ಗಾಡಿಗೆ ಹೇರಿಕೊಂಡು ಹೊರಟುಹೋದರು. ಸೊಂಟದೆತ್ತರದ ಸುತ್ತುಕಟ್ಟೆ ಇಲ್ಲ, ರಾಟೆ ಇಲ್ಲ. ಬಾವಿಯ ಬಾಯಿಗೆ ಅಡ್ಡಲಾಗಿ ಎರಡು ಮರದ ತೊಲೆ, ಅಷ್ಟೇ. ಹೆಂಗಸರು ತೊಲೆಯ ಮೇಲೆ ಒಂದು ಕಾಲಿಟ್ಟು, ಬಗ್ಗಿ, ಕೊಡ ಎಳೆಯಬೇಕು.

ನಿಮ್ಮೂರಲ್ಲೂ ಇಂಥದ್ದು ಒಂದಿರಬಹುದು. ಬಾವಿ ಅಲ್ಲದಿದ್ದರೆ ಬಾಗಿಲಿಲ್ಲದ ಶಾಲೆ, ಶಾಲೆ ಅಲ್ಲದಿದ್ದರೆ ಅರ್ಧಕ್ಕೆ ನಿಂತ ರಸ್ತೆ. ನೋಡಿ ನೋಡಿ ನಮ್ಮ ಕಣ್ಣಿಗೂ ಅದೇ ಅಭ್ಯಾಸವಾಗಿಬಿಟ್ಟಿದೆ.

ಆ ಹಟ್ಟಿಯ ಓಬಳೇಶ ರೈಲ್ವೆ ಗ್ಯಾಂಗಿನಲ್ಲಿ ಕೂಲಿ. ದಿನಾ ಬೆಳಿಗ್ಗೆ ಸುತ್ತಿಗೆ ಹೆಗಲಿಗಿಟ್ಟು ಹಳಿಯ ಗುಂಟ ಮೂರು ಮೈಲಿ ನಡೆಯಬೇಕು, ಹಳಿಯನ್ನು ಬಿಗಿಹಿಡಿಯುವ ಒಂದೊಂದು ಬೆಣೆಯನ್ನೂ ತಟ್ಟಿ ನೋಡಬೇಕು. ಗಟ್ಟಿಯಿದ್ದರೆ ಠಣ್ ಅನ್ನುತ್ತದೆ, ಸಡಿಲಾದರೆ ದಡ್ ಅನ್ನುತ್ತದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆದರೂ ಹುಡುಗನ ಕಿವಿ ಚುರುಕು ಅಂತ ಮೇಸ್ತ್ರಿ ಅವನನ್ನೇ ಕಳಿಸುತ್ತಿದ್ದ. ಮದುವೆಯಾಗಿ ಎರಡು ವರ್ಷ. ಹೆಂಡತಿ ಚಂದ್ರಕ್ಕ ತುರುವನೂರಿನವಳು, ಏಳನೇ ಕ್ಲಾಸು ಓದಿದವಳು. ಈಗ ಆರು ತಿಂಗಳ ಬಸುರಿ.

ಇಬ್ಬರದೂ ಸಣ್ಣ ಸಣ್ಣ ಸಂತೋಷಗಳು. ಸಂಜೆ ಹೊಸ್ತಿಲ ಬಳಿ ಹುಣಸೆಬೀಜ ಉಜ್ಜಿಕೊಂಡು ಚೌಕಾಬಾರ ಆಡುವರು. ಚಂದ್ರಕ್ಕನೇ ಗೆಲ್ಲುವಳು. ಓಬಳೇಶ ಬೀಜದಲ್ಲಿ ಮೋಸ ಹುಡುಕುವನು. ಬೇಸಿಗೆಯಲ್ಲಿ ರಾಮಗಿರಿಗೆ ಟೆಂಟ್ ಸಿನಿಮಾ ಬಂದರೆ ಭಾನುವಾರ ಮೊದಲನೇ ಆಟಕ್ಕೆ ಹೋಗಿ, ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು ನೋಡುವರು. ಗೇಟಿನಲ್ಲಿ ಹರಿದು ಕೊಡುವ ಅರ್ಧ ಟಿಕೆಟ್ಟನ್ನು ಚಂದ್ರಕ್ಕ ಬಿಸಾಡುತ್ತಿರಲಿಲ್ಲ. ದೀಪದ ಗೂಡಿನಲ್ಲಿ ಜೋಡಿಸಿಡುವಳು. "ಎಷ್ಟು ಸಲ ಜೊತೆಗೆ ಹೋಗೇವಿ ಅಂತ ಲೆಕ್ಕ ಬೇಡ್ವಾ?" ಅನ್ನುವಳು. ಅದರಲ್ಲಿ ಎರಡು ಮಾತ್ರ ಕುರ್ಚಿ ಟಿಕೆಟ್ಟು, ಹಳದಿ ಬಣ್ಣದವು. ಅವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು.

ಒಂದು ಶುಕ್ರವಾರ ಪಕ್ಕದ ಮನೆ ಮುದುಕಿ ದುರುಗಕ್ಕನೂ ಚಂದ್ರಕ್ಕನೂ ನೀರಿಗೆ ಹೋದರು. ತೊಲೆ ಒದ್ದೆಯಾಗಿತ್ತು. ದುರುಗಕ್ಕನ ಕಾಲು ಸರಕ್ಕನೆ ಜಾರಿತು. ಚಂದ್ರಕ್ಕ ಹೊಟ್ಟೆಯನ್ನೂ ಲೆಕ್ಕಿಸದೆ ನೆಲಕ್ಕೆ ಕೂತು, ಮುದುಕಿಯ ಸೆರಗನ್ನೂ ತೋಳನ್ನೂ ಗಟ್ಟಿಯಾಗಿ ಹಿಡಿದಳು. ಕೊಡ ಬಾವಿಗೆ ಹೋಯಿತು. ಜೀವ ಉಳಿಯಿತು. ಚಂದ್ರಕ್ಕ ಅರ್ಧ ಗಂಟೆ ಅಲ್ಲೇ ಕೂತಿದ್ದಳು.

ಸಂಜೆ ಓಬಳೇಶ ಬಂದ. ಸುದ್ದಿ ಕೇಳಿ ಹೆದರಿದ. ಆದರೆ ಬಾಯಲ್ಲಿ ಬಂದ ಮಾತೇ ಬೇರೆ.

"ಇನ್ಮೇಲೆ ನೀರು ನಾನೇ ತರ್ತೀನಿ. ನೀನು ಅತ್ಲಾಗೆ ಹೋಗ್ಬ್ಯಾಡ."

"ನಂಗೆ ನೀವು ತರ್ತೀರಿ. ದುರುಗಕ್ಕಂಗೆ ಯಾರು ತರ್ತಾರೆ? ಕಟ್ಟೆ ಯಾಕೆ ಕಟ್ಟಲಿಲ್ಲ ಅಂತ ಕೇಳ್ರಿ ಅಂದ್ರೆ..."

"ಸರ್ಕಾರದ ಕೆಲಸ ಅಂದ್ರೆ ಅಷ್ಟೇ ಕಣೆ. ಸರ್ಕಾರದ ದುಡ್ಡು, ತಿನ್ನೋರು ತಿಂತಾರೆ. ನಮ್ಮಪ್ಪನ ಮನೆ ಗಂಟೇನು ಹೋಯ್ತು?"

ಹೇಳಿದ್ದೇನೋ ಹೇಳಿದ. ಅವತ್ತು ರೊಟ್ಟಿ ಮಾತ್ರ ಅರ್ಧಕ್ಕೇ ಬಿಟ್ಟೆದ್ದ. ಯಾಕೆಂದು ಅವನಿಗೆ ಗೊತ್ತಿತ್ತು. ಹೆಂಡತಿಗೆ ಗೊತ್ತಿರಲಿಲ್ಲ.

ಭಾನುವಾರ ಹೆಂಡತಿಯ ಮುಖದಲ್ಲಿ ನಗು ಕಾಣಲೆಂದು ಅವನೇ "ಟೆಂಟಿಗೆ ಹೋಗಾಣ ಬಾ" ಅಂದ. ಹೊತ್ತು ಇನ್ನೂ ಮುಳುಗಿರಲಿಲ್ಲ. ಮೈಕಿನಲ್ಲಿ ದೇವರ ಹಾಡು ಶುರುವಾದರೆ ಟಿಕೆಟ್ ಕೊಡುತ್ತಾರೆ ಅಂತ ಅರ್ಥ. ಇವರು ಹೋದಾಗ ಹಾಡು ಶುರುವಾಗಿರಲಿಲ್ಲ. ಟಿಕೆಟ್ ಕೊಡುವ ಗೋವಿಂದಯ್ಯ ತಗಡಿನ ಗೂಡಿನ ಹೊರಗೆ ಸ್ಟೂಲು ಹಾಕಿಕೊಂಡು ಕೂತಿದ್ದ. ವರ್ಷಗಟ್ಟಲೆ ಊರೂರು ತಿರುಗಿದ ಮನುಷ್ಯ, ಎಲ್ಲರನ್ನೂ ಮಾತಾಡಿಸುವವನು.

"ಬರ್ರಿ, ಕುಂತ್ಕಳ್ರಿ. ಯಾಕವ್ವಾ ಚಂದ್ರಕ್ಕ, ಮುಖ ಬಾಡೈತೆ?"

ಚಂದ್ರಕ್ಕ ಬಾವಿಯ ಕಥೆಯೆಲ್ಲ ಹೇಳಿದಳು. ಓಬಳೇಶ ನಡುವೆ ಬಾಯಿ ಹಾಕಿದ. "ಬಿಡಣ್ಣ, ಸರ್ಕಾರದ ದುಡ್ಡು. ನಾವು ಕೊಟ್ಟಿದ್ದೇನೈತೆ ಕೇಳಾಕೆ? ನಮಗೆ ಹೊಲ ಇಲ್ಲ, ಕಂದಾಯ ಇಲ್ಲ."

ಗೋವಿಂದಯ್ಯ ನಕ್ಕ. ಟಿಕೆಟ್ ಪುಸ್ತಕ ತೆಗೆದು ಒಂದು ನೆಲದ ಟಿಕೆಟ್ ಮೇಲೆ ಬೆರಳಿಟ್ಟ.

"ಓದವ್ವಾ."

"ದರ ಮೂವತ್ತು ಪೈಸೆ. ತೆರಿಗೆ ಹತ್ತು ಪೈಸೆ," ಅಂತ ಚಂದ್ರಕ್ಕ ಓದಿದಳು.

"ಮೂವತ್ತು ನಮ್ಮ ಮಾಲೀಕರಿಗೆ. ಹತ್ತು ಯಾರಿಗೆ? ಸರ್ಕಾರಕ್ಕೆ. ಏನಪ್ಪ ಓಬಳೇಶ, ನೀನು ಮರಳ ಮ್ಯಾಲೆ ಕುಂತು ಸಿಳ್ಳೆ ಹೊಡೆಯೋವಾಗ್ಲೂ ಸರ್ಕಾರಕ್ಕೆ ದುಡ್ಡು ಕೊಟ್ಟಿರ್ತೀಯ. ಬೆಂಕಿಪೊಟ್ಟಣದಾಗೆ ಕೊಡ್ತೀಯ, ಸೋಪಿನಾಗೆ ಕೊಡ್ತೀಯ, ಸೀಮೆಎಣ್ಣೆನಾಗೆ ಕೊಡ್ತೀಯ. ಆ ದುಡ್ಡೇ ತಿರುಗಿ ಬಾವಿ ಆಗಿ ಬರಬೇಕು. ನೀನು ನೋಡಿದ್ರೆ ಸರ್ಕಾರದ ದುಡ್ಡು, ನನ್ನದಲ್ಲ ಅಂತೀಯ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂದ್ರೆ ಇದೇ ನೋಡು!"

ಚಂದ್ರಕ್ಕನ ಕಣ್ಣು ಅಗಲವಾಯಿತು. "ಅಂದ್ರೆ ನಮ್ಮ ಗೂಡಿನಾಗಿರೋ ಟಿಕೆಟ್ಟೆಲ್ಲ ಬಾವಿ ಕಲ್ಲು ಆಗಬೇಕಿತ್ತು!"

"ಆಗಬೇಕಿತ್ತು. ಆದ್ರೆ ಒಂದು ಮಾತು. ಕೆಲಸ ಪೂರ್ತಿ ಆಗೈತೆ ಅಂತ ಊರಿನೋರು ಸಹಿ ಹಾಕಿದ್ರೇನೇ ಕಂಟ್ರಾಕ್ಟರ್ ಬಿಲ್ಲು ಮುಂದೆ ಹೋಗೋದು. ನಿಮ್ಮ ಹಟ್ಟಿಯಾಗೆ ಯಾವ ಪುಣ್ಯಾತ್ಮ ಹಾಕಿದ್ನೋ ಏನೋ."

ಓಬಳೇಶ ನೆಲ ನೋಡಿದ. ಅಷ್ಟು ಹೊತ್ತಿಗೆ ಮೈಕಿನಲ್ಲಿ ಹಾಡು ಶುರುವಾಯಿತು. ಗೋವಿಂದಯ್ಯ ಗೂಡಿನೊಳಗೆ ಹೋದ. ಚಂದ್ರಕ್ಕ ಗಂಡನ ಮುಖವನ್ನೇ ನೋಡುತ್ತ ನಿಂತಳು.

"ಹೋದ ತಿಂಗಳು ಕುರ್ಚಿ ಟಿಕೆಟ್ ತಂದಿದ್ರಲ್ಲ. ಯಾರು ಕೊಟ್ಟಿದ್ದು?"

ಅವನು ಮುಖ ತಿರುಗಿಸಿದ. ಅವಳು ಟೆಂಟಿನ ಕಡೆ ಬೆನ್ನು ಹಾಕಿ ಊರ ದಾರಿ ಹಿಡಿದಳು.

ಆದದ್ದು ಹೀಗೆ. ನಮ್ಮ ಕಡೆ ಸಹಿ ಹಾಕಲು ಬರುವವನಿಗೆ ಒಂದು ಗತ್ತು. ಕಾಗದ ಹಿಡಿದು ಯಾರಾದರೂ "ಪಂಚರು ಬರ್ರಿ" ಅಂದರೆ ಸಾಕು, ತಲೆಯ ರುಮಾಲು ಸರಿಮಾಡಿಕೊಂಡು ಹೋಗುತ್ತೇವೆ. ಚಹಾ ಕುಡಿಯುತ್ತೇವೆ. ಏನು ಬರೆದಿದೆ ಅಂತ ಕೇಳಿದರೆ ಎದುರಿನವರನ್ನು ನಂಬಲಿಲ್ಲ ಅಂತಾಗುತ್ತದಲ್ಲ! ಮರ್ಯಾದೆಗೆ ಕಡಿಮೆ. ನಾಗರಾಜಪ್ಪ ಹಟ್ಟಿಯ ಹಿರಿಯ ಜುಂಜಯ್ಯನ ಜಗುಲಿಯಲ್ಲಿ ಐದು ಜನರನ್ನು ಕೂರಿಸಿ ಕಾಗದ ಮುಂದಿಟ್ಟಿದ್ದ. ಬಾಲವಿರುವ ಉದ್ದನೆಯ ಸಹಿ ಓಬಳೇಶನದು. ಚಂದವಾಗಿ ಹಾಕಿದ. "ಏನ್ ಸಹಿನಪ್ಪ, ಅಮಲ್ದಾರರ ಸಹಿ ಇದ್ದಂಗೈತೆ!" ಅಂತ ನಾಗರಾಜಪ್ಪ ಎರಡು ಕುರ್ಚಿ ಟಿಕೆಟ್ ಅವನ ಜೇಬಿಗಿಟ್ಟ. ಕಟ್ಟೆ ಹೇಗೂ ಆಮೇಲೆ ಕಟ್ಟುತ್ತಾರೆ ಅಂದುಕೊಂಡು ಇವನು ಮರೆತ.

ದಾರಿಯಲ್ಲಿ ಓಬಳೇಶ ಹೆಂಡತಿಗೆ ಎಲ್ಲವನ್ನೂ ಹೇಳಿದ. ಚಂದ್ರಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಒಂದು ಕೇಳ್ತೀನಿ," ಅಂದಳು. "ಹಳಿ ಮ್ಯಾಲೆ ಹೋಗೋವಾಗ, ಸುತ್ತಿಗೇಲಿ ತಟ್ಟಿ ನೋಡ್ದೆ, ಎಲ್ಲಾ ಬೆಣೆ ಗಟ್ಟಿ ಅವೆ ಅಂತ ಮೇಸ್ತ್ರಿಗೆ ಹೇಳೀರಾ ಯಾವತ್ತಾದ್ರೂ?"

"ಥೂ! ಏನ್ ಮಾತು ಅಂತ ಆಡ್ತೀಯೇ? ರೈಲಾಗೆ ಜನ ಇರ್ತಾರೆ."

"ಬಾವಿ ಮ್ಯಾಲೂ ಜನ ಇರ್ತಾರೆ."

ಓಬಳೇಶ ದಾರಿ ಮಧ್ಯೆ ನಿಂತುಬಿಟ್ಟ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮುಂದೆ ಮುಂದೆ ನಡೆಯುತ್ತಿದ್ದ ಹೆಂಡತಿಯನ್ನು ನೋಡಿ ಅವನಿಗೆ ಅಳು ಬಂತು. ತನ್ನ ಸಹಿಯೇ ಅವಳನ್ನು ಆ ತೊಲೆಯ ಮೇಲೆ ನಿಲ್ಲಿಸಿತ್ತು.

ಬುಧವಾರ ಎಂಜಿನಿಯರು ಬಿಲ್ಲು ನೋಡಲು ಬರುತ್ತಾರೆಂದು ಹಟ್ಟಿಗೆಲ್ಲ ಗೊತ್ತಿತ್ತು. ಸೋಮವಾರವೇ ಓಬಳೇಶ ಜುಂಜಯ್ಯನ ಬಳಿ ಹೋದ. ಜುಂಜಯ್ಯನೂ ಸಹಿ ಹಾಕಿದವನೇ.

"ಕಟ್ಟೆ ಆಗಿಲ್ಲ ಅಂತ ಹೇಳಾಣ ಜುಂಜಜ್ಜ."

"ಹುಚ್ಚನೇನೋ ನೀನು! ಆಗೈತೆ ಅಂತ ಸಹಿ ಹಾಕಿ ಈಗ ಆಗಿಲ್ಲ ಅಂದ್ರೆ ಕೇಸು ಹಾಕ್ತಾರೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಸುಮ್ನಿರು."

ಮಂಗಳವಾರ ಸ್ಟೇಷನ್ ಬಳಿ ನಾಗರಾಜಪ್ಪನೇ ಸಿಕ್ಕಿದ. ಹೆಗಲ ಮೇಲೆ ಕೈ ಹಾಕಿದ.

"ಏನಪ್ಪ, ಕಟ್ಟೆ ಕಟ್ಟೆ ಅಂತ ತಿರುಗ್ತೀಯಂತೆ. ನಿನ್ನ ಕೆಲಸ ಖಾಯಂ ಆಗೋದು ಬಾಕಿ ಐತಲ್ಲ? ಸುಳ್ಳು ಸಹಿ ಹಾಕಿದೋನು ಅಂತ ಗೊತ್ತಾದ್ರೆ ರೈಲ್ವೆದೋರು ಇಟ್ಕೊತಾರಾ? ನಿನ್ನ ಒಳ್ಳೇದಕ್ಕೆ ಹೇಳ್ದೆ."

ಅದು ಒಳ್ಳೆಯದಕ್ಕೆ ಹೇಳಿದ ಮಾತಲ್ಲ. ಆದರೆ ಸುಳ್ಳೂ ಅಲ್ಲ. ಮನೆಗೆ ಬಂದು ಓಬಳೇಶ ಹೆಂಡತಿಗೆ ಹೇಳಿದ, "ಕೆಲಸ ಹೋದ್ರೆ ಏನ್ ಮಾಡಾಣ? ಕೂಸು ಬರೋ ಹೊತ್ತು."

ಚಂದ್ರಕ್ಕ ಒಲೆಗೆ ಸೌದೆ ತುಂಬಿದಳು. ಅವಳಿಗೂ ಭಯವಿತ್ತು. ಆಮೇಲೆ ಹೇಳಿದಳು, "ಕೂಲಿ ಮಾಡಿ ಬದುಕ್ತೀವಿ. ಆ ಕೂಸು ನಡೆಯಾಕೆ ಕಲಿತು ಬಾವಿ ಕಡೆ ಹೋಗೋ ದಿನಾನೂ ಬರ್ತೈತೆ. ಆಗ ಯಾರನ್ನ ಕೇಳಾಣ?"

ಬುಧವಾರ ಜೀಪು ಬಂತು. ಜುಂಜಯ್ಯನ ಜಗುಲಿಯಲ್ಲಿ ಚಾಪೆ, ಮಂಡಕ್ಕಿ, ಚಹಾ. ಎಂಜಿನಿಯರು ಕಾಗದ ತಿರುವಿ ಹಾಕಿದರು. "ಊರಿನ ಐದು ಜನ ಸಹಿ ಹಾಕಿದ್ದಾರೆ. ಸರಿ," ಅಂತ ಪೆನ್ನು ತೆಗೆದರು. ಬಾವಿ ಅಲ್ಲಿಂದ ನೂರು ಹೆಜ್ಜೆ. ಯಾರೂ ಏಳಲಿಲ್ಲ.

ಓಬಳೇಶ ಗುಂಪಿನ ಹಿಂದೆ ನಿಂತಿದ್ದ. ಹೆಂಗಸರ ಸಾಲಿನಲ್ಲಿ ಚಂದ್ರಕ್ಕನೂ ದುರುಗಕ್ಕನೂ ನಿಂತಿದ್ದರು. ಅವನು ಮುಂದೆ ಬಂದ.

"ಸಾರ್, ಅದರಾಗೆ ಮೂರನೇ ಸಹಿ ನಂದು. ಓದದೆ ಹಾಕೀನಿ. ಕಟ್ಟೆ ಕಟ್ಟಿಲ್ಲ, ರಾಟೆ ಹಾಕಿಲ್ಲ. ಸಹಿ ಹಾಕಿದ್ದಕ್ಕೆ ಎರಡು ಸಿನಿಮಾ ಟಿಕೆಟ್ ಇಸ್ಕೊಂಡೀನಿ. ತಪ್ಪು ನಂದು. ಉಪ್ಪು ತಿಂದೋನು ನೀರು ಕುಡೀಬೇಕು, ಏನ್ ಶಿಕ್ಷೆ ಕೊಡ್ತೀರೋ ಕೊಡ್ರಿ. ಆದ್ರೆ ಒಂದ್ಸಲ ಬಾವಿ ನೋಡ್ರಿ ಸಾರ್."

ನಾಗರಾಜಪ್ಪ ಎದ್ದು ಏನೋ ಹೇಳಹೋದ. ಅಷ್ಟರಲ್ಲಿ ದುರುಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಟ್ಟಿಯಾಗಿ ಕೂಗಿದಳು, "ನನ್ನ ಕೊಡ ಇನ್ನೂ ಅದರೊಳಗೇ ಐತೆ, ಬರ್ರಿ ತೋರಿಸ್ತೀನಿ! ನಾನೇ ಒಳಗಿದ್ರೆ ಅದನ್ನೂ ಬರ್ಕೊಂತಿದ್ರಾ?"

ಎಂಜಿನಿಯರು ಎದ್ದರು. ತೊಲೆ ನೋಡಿದರು, ಜಾರುವ ಅಂಚು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು. ಓಬಳೇಶನ ಕಡೆ ತಿರುಗಿ, "ಓದದೆ ಸಹಿ ಹಾಕಿದ್ದು ದೊಡ್ಡ ತಪ್ಪು. ಈಗ ಹೇಳಿದ್ದನ್ನು ಬರೆದುಕೊಡು," ಅಂದರು. ಚಂದ್ರಕ್ಕ ಅಲ್ಲೇ ಕೂತು ಬರೆದಳು. ಓಬಳೇಶ ಸಹಿ ಹಾಕಿದ. ಅದನ್ನು ನೋಡಿ ಜುಂಜಯ್ಯನೂ ಗೊಣಗುತ್ತಲೇ ಕೈ ಚಾಚಿದ, "ಇತ್ಲಾಗೆ ಕೊಡವ್ವ. ಕೆಟ್ಟ ಮ್ಯಾಲೆ ಬುದ್ಧಿ ಬಂತು ನಮಗೆ." ಬಿಲ್ಲು ನಿಂತಿತು. ಮೂರು ವಾರದಲ್ಲಿ ನಾಗರಾಜಪ್ಪನ ಆಳುಗಳೇ ಮತ್ತೆ ಬಂದು ಕಟ್ಟೆ ಎಬ್ಬಿಸಿದರು, ರಾಟೆ ಕೂರಿಸಿದರು. ಓಬಳೇಶನ ಕೆಲಸ ಹೋಗಲಿಲ್ಲ. ಆದರೆ ಖಾಯಂ ಆಗುವ ಸುದ್ದಿಯೂ ಆ ವರ್ಷ ಬರಲಿಲ್ಲ. ಯಾಕೆ ಅಂತ ಅವನು ಕೇಳಲಿಲ್ಲ.

ಚಂದ್ರಕ್ಕ ಗೂಡಿನಿಂದ ಎರಡು ಹಳದಿ ಟಿಕೆಟ್ ತೆಗೆದು ಒಲೆಗೆ ಹಾಕಿದಳು. "ಜೊತೆಗೆ ಹೋಗಿದ್ದ ಲೆಕ್ಕದಾಗೆ ಇವೆರಡು ಬ್ಯಾಡ," ಅಂದಳು. ನೆಲದ ಟಿಕೆಟ್ಟುಗಳು ಗೂಡಿನಲ್ಲೇ ಉಳಿದವು.

ಕಟ್ಟೆಯ ಕೆಲಸ ಮುಗಿದ ದಿನ ಎಂಜಿನಿಯರು ಹೊಸ ಕಾಗದ ತಂದರು. "ಬಾರಪ್ಪ ಓಬಳೇಶ, ಸಹಿ ಹಾಕು," ಅಂದರು.

"ಸ್ವಲ್ಪ ತಡೀರಿ ಸಾರ್," ಅಂದ ಓಬಳೇಶ. ಮನೆಗೆ ಹೋಗಿ ಸುತ್ತಿಗೆ ತಂದ. ಕಟ್ಟೆಯ ಸುತ್ತ ಒಂದೊಂದೇ ಕಲ್ಲನ್ನು ಮೆಲ್ಲಗೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಒಂದು ಸುತ್ತು ಬಂದ. ನೋಡುತ್ತಿದ್ದವರು ನಕ್ಕರು. ಅವನು ನಗಲಿಲ್ಲ. ಆಮೇಲೆ ಕಾಗದವನ್ನು ಹೆಂಡತಿಯ ಕೈಗೆ ಕೊಟ್ಟು, "ಎಲ್ಲರಿಗೂ ಕೇಳಂಗೆ ಓದು," ಅಂದ. ಅವಳು ಓದಿ ಮುಗಿಸಿದ ಮೇಲೆ ಪೆನ್ನು ತೆಗೆದುಕೊಂಡ. ಈ ಸಲ ಸಹಿಗೆ ಬಾಲ ಇರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬೆಂಕಿಪೊಟ್ಟಣ ಕೈಗೆತ್ತಿಕೊಳ್ಳಿ. ಅದರಲ್ಲೂ ನೀವು ಕೊಟ್ಟ ತೆರಿಗೆ ಇದೆ. ಊರಿಗೆ ಬರುವ ಬಾವಿ, ಶಾಲೆ, ರಸ್ತೆ ಯಾರೋ ಕೊಟ್ಟ ದಾನವಲ್ಲ, ನಿಮ್ಮ ದುಡ್ಡೇ ಮನೆಗೆ ವಾಪಸು ಬರುತ್ತಿದೆ. ಅರ್ಧ ದಾರಿಯಲ್ಲಿ ನಿಂತರೆ ಯಾಕೆ ನಿಂತಿತು ಅಂತ ಕೇಳಿ. ಕೆಲಸ ಕಣ್ಣಾರೆ ನೋಡಿ. ಕಾಗದ ಓದಿಸಿಕೊಳ್ಳದೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಈಗಾಗಲೇ ಹಾಕಿದ್ದರೆ, ತಪ್ಪಾಯಿತು ಅಂತ ಹೇಳಲು ನಾಚಬೇಡಿ. ನಾಳೆ ಬೆಳಿಗ್ಗೆ ನಿಮ್ಮೂರ ಬಾವಿಯ ಬಳಿ ನೀರಿಗೆ ಬಗ್ಗುವವಳು ನಿಮ್ಮ ಮನೆಯವಳೇ.