ಸೂಜಿ ಇಲ್ಲ, ಆದವಾನಿಗೆ ಹೋಗ್ರಿ

ಬಸ್ಸಿನ ಕಿಟಕಿಯ ಕಂಬಿಗೆ ಸಿಕ್ಕಿಕೊಂಡ ಹತ್ತಿಯ ಎಳೆಯೊಂದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದೆ, ಮುಂದೆ ಹೋದ ಯಾವುದೋ ಲಾರಿಯದ್ದಿರಬೇಕು, ಬಿಡಿಸಿಬಿಡೋಣ ಅಂತ ಭುವನಾ ಬೆರಳು ಚಾಚಿದಳು, ಚಾಚಿದವಳು ತಟ್ಟನೆ ಹಿಂದಕ್ಕೆಳೆದುಕೊಂಡಳು — ಕೈ ಹೊರಗೆ ಹೋಗಬಾರದು, ಈ ದಾರಿಯಲ್ಲಂತೂ ಹೋಗಬಾರದು — ಮತ್ತೆ ಫೋನ್ ನೋಡಿದಳು. ಅವಳೇ ಬರೆದ ಪ್ರೋಗ್ರಾಮು, ಕೊನೆಯ ಸಾಲು ಖಾಲಿ, ಅಲ್ಲೊಂದು ಗೆರೆ ಮಿಣುಕುತ್ತ ಕಾಯುತ್ತಿದೆ. ಹತ್ತು ಗಂಟಿ ಒಳಗ ಬರದು ಕಳಸಲೇ, ನೀ ಬಂದ್ ಮಾಡಿಸಿದ ಸರ್ವರ್ ಮತ್ತ ಚಾಲೂ ಮಾಡ್ತೀನಿ, ಹತ್ತಿ ಬಿಡಸೋ ಕಾಲ, ಹಾವು ನಮ್ಮ ಪರೀಕ್ಷಿ ಮುಗಿಯೋತನಕ ಕಾಯಂಗಿಲ್ಲ, ಅಂದಿದ್ದಾನೆ ಸೂರಿ, ಪ್ರಾಜೆಕ್ಟಿನ ಜೊತೆಗಾರ. ಅವನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆದವಾನಿ ಬಿಟ್ಟಾಗಿನಿಂದ ಐದು ಸಲ ಬರೆದಳು, ಐದು ಸಲ ಅಳಿಸಿದಳು, ಮೊದಲ ಸಲ ಇದನ್ನು ಬರೆದಾಗ ಎಷ್ಟು ನಕ್ಕಿದ್ದರು, ಲ್ಯಾಬಿನಲ್ಲಿ ಹೊಟ್ಟೆ ಹಿಡಿದುಕೊಂಡು — ಹಾವು ಕಚ್ಚಿದರೆ ಊರ ಹೆಸರು ಹಾಕಿ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದರ ಇಂಜೆಕ್ಷನ್ ಇದೆಯೋ ಫೋನೇ ಹೇಳುತ್ತದೆ, ಅಷ್ಟೇ ಪ್ರಾಜೆಕ್ಟು, ಸಿದ್ದಲಿಂಗೇಶ್ ಸರ್ ಮೇಜು ಕುಟ್ಟಿದ್ದರು, ಸರ್ವರ್ ಕೆಟ್ಟಾಗ ಬರೀ ಫೈವ್ ಹಂಡ್ರೆಡ್ ಎರರ್ ಅಂತ ತೋರಿಸಿದ್ರ ಹೊಲದಾಗ ಇದ್ದಾಕಿಗೆ ಏನು ತಿಳೀತೈತವಾ, ಮನುಷ್ಯಾರ ಮಾತಿನಾಗ ಹೇಳು. ಹೇಳಿದಳು. ಊರಿನ ಹೆಸರು ಸಿಗದಿದ್ದರೆ, ಯಾವೂರ್ರಿ ನಿಮ್ದು, ಇನ್ನೊಮ್ಮಿ ಬರೀರಿ. ಫೋನ್ ನಂಬರ್ ಕಡಿಮೆ ಬಿದ್ದರೆ, ಒಂದು ಅಂಕಿ ನುಂಗಿದ್ರಿ ನೋಡ್ರಿ. ಏ ಹುಚ್ಚಿ, ಎರರ್‌ಗೂ ಬಾಯಿ ಕೊಟ್ಟಿಯಲ್ಲೇ, ಅಂತ ಸೂರಿ ಕುರ್ಚಿಯಿಂದ ಬಿದ್ದೇ ಬಿಟ್ಟಿದ್ದ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಹಸಿವಾಗಿತ್ತು, ಉಳಿದ ತಪ್ಪುಗಳನ್ನೆಲ್ಲ ಒಂದೊಂದಾಗಿ ಬರೆಯುತ್ತ ಕೂರುವವರು ಯಾರು, ಏನೇ ಕೆಟ್ಟರೂ ಎಲ್ಲ ಕೆಳಗೆ ಬಂದು ಒಂದೇ ಸಾಲಿಗೆ ಬೀಳಲಿ, ಆದವಾನಿಯ ದೊಡ್ಡಾಸ್ಪತ್ರೆಯಲ್ಲಂತೂ ಇದ್ದೇ ಇರುತ್ತದೆ — ಸೂಜಿ ಇಲ್ಲ, ಆದವಾನಿಗೆ ಹೋಗ್ರಿ. ಇಪ್ಪತ್ತು ಸೆಕೆಂಡು ಹಿಡಿಯಿತು ಬರೆಯುವುದಕ್ಕೆ. ಆಮೇಲೆ ಪುಳಿಯೋಗರೆ ತಿಂದಿದ್ದರು.

ಹೋದ ಮಂಗಳವಾರ ಆಲೂರಿನ ಆಚೆಯ ಹೊಲದಲ್ಲಿ ರಾಮಲಕ್ಷ್ಮಿ ಅನ್ನುವಾಕೆಯ ಹಿಮ್ಮಡಿಗೆ ಹಾವು ಕಚ್ಚಿತು. ಗಂಡ ಕೆಂಚಣ್ಣ ಆಟೋದಲ್ಲಿ ಕೂತು ಊರ ಹೆಸರು, ತನ್ನ ನಂಬರು ಒತ್ತಿದ. ಪ್ರೋಗ್ರಾಮು ಆಸ್ಪತ್ರೆಗಳ ಪಟ್ಟಿಯನ್ನು ಕೇಳಿತು, ಪಟ್ಟಿ ಇದ್ದ ಕಡೆ ನೆಟ್ ಸತ್ತಿತ್ತು, ಉತ್ತರವಿಲ್ಲ, ಎಂಟು ಸೆಕೆಂಡು ಕಾಯಿತು — ಎಂಟು ಅಂತ ಹಾಕಿದ್ದೂ ಅವಳೇ — ಕೆಳಗಿನ ಸಾಲಿಗೆ ಬಿತ್ತು. ನೋಡಿರಲೇ ಇಲ್ಲ ಅದು. ನೋಡದೆಯೇ ಇಲ್ಲ ಅಂದಿತು, ಎಷ್ಟು ಚೆಂದದ ಕನ್ನಡದಲ್ಲಿ ಅಂದಿತು, ಬರೀ ಐನೂರು ಅಂತ ಅಂಕಿ ಬಂದಿದ್ದರೆ ಆತನಿಗೆ ತಿಳಿಯುತ್ತಿರಲಿಲ್ಲ, ತಿಳಿಯದವನು ಆಟೋ ನಿಲ್ಲಿಸಿ ಯಾರನ್ನಾದರೂ ಕೇಳುತ್ತಿದ್ದ, ಕೇಳುತ್ತಿದ್ದನಲ್ಲ. ಆದವಾನಿ ಇನ್ನೂ ಮೂರು ಕಿಲೋಮೀಟರ್ ಇರುವಾಗ ಆಕೆಯ ಉಸಿರು ನಿಂತಿತು. ಪೇಪರಿನಲ್ಲಿ ಸುದ್ದಿ ಓದಿ, ಪ್ರೋಗ್ರಾಮಿನ ದಾಖಲೆ ತೆಗೆದು ನೋಡಿ, ಭುವನಾ ಮರುದಿನ ಆಲೂರಿನ ಆಸ್ಪತ್ರೆಗೆ ಫೋನ್ ಮಾಡಿದ್ದಳು, ಎತ್ತಿದವಳು ಯಾಮಿನಿ ಅಂತ ನರ್ಸು, ನಿನ್ನಿ ಇಂಜೆಕ್ಷನ್ ಎಷ್ಟಿದ್ದುವು ಅಕ್ಕಾ. ಹನ್ನೆರಡು ಇದ್ದುವಲ್ಲಮ್ಮ, ಇವತ್ತೂ ಹನ್ನೆರಡೇ ಅದಾವ, ಯಾಕ? ಆಮೇಲೆ ಧ್ವನಿ ತಗ್ಗಿಸಿ, ಗೇಟಿನ ಮುಂದ ಚಾ ಕುಡೀತಾ ನಿಂತಿದ್ದೆ, ಆಟೋ ಜೋರು ಹೋತು, ಒಂದು ಕೈ ಹೊರಗ ಬಂದಿತ್ತು, ಮೊಣಕೈತನಕ ಹಸಿರು ಬಳಿ, ಯಾರೋ ಗುರ್ತಿನವರು ಅಂದ್ಕೊಂಡು ನಾನೂ ಕೈ ಬೀಸಿಬಿಟ್ಟೆ ನೋಡು, ಆಕೀನೇ ಇರಬೇಕೇನವಾ? ಇರಬೇಕು. ಭುವನಾ ಫೋನ್ ಇಟ್ಟಳು. ಕೆಂಚಣ್ಣನಿಗೂ ಮಾಡಿದ್ದಳು, ಹೇಳಿಬಿಡಬೇಕು ಅಂತಲೇ, ಬಾಯಿ ತೆರೆಯುವಷ್ಟರಲ್ಲಿ ಆತನೇ — ನಿಮ್ಮ ಫೋನು ಭಾಳ ಉಪಕಾರ ಮಾಡ್ತು ತಂಗಿ, ಇಲ್ಲಂದ್ರ ಆಲೂರಾಗ ನಿಂತು ಇನ್ನಷ್ಟು ಹೊತ್ತು ಹಾಳಾಗ್ತಿತ್ತು, ಆಕಿ ನಸೀಬದಾಗ ಇರಲಿಲ್ಲ ಬಿಡು, ಒಮ್ಮಿ ಬಾ, ಮನ್ಯಾಗ ರೊಟ್ಟಿ ತಿಂದು ಹೋಗು. ಉಪಕಾರ. ಆ ಮಾತು ಆವತ್ತಿನಿಂದ ಅನ್ನದೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಗುತ್ತಿದೆ. ಈಗ ಹೋಗುತ್ತಿರುವುದು ಅಲ್ಲಿಗೇ, ರೊಟ್ಟಿ ಮುಟ್ಟುವ ಮೊದಲೇ ಹೇಳಬೇಕು, ಅಣ್ಣಾ ಸೂಜಿ ಇತ್ತು, ಹನ್ನೆರಡು ಇದ್ದುವು, ನಾನು ನೋಡದ ಇಲ್ಲ ಅಂದೆ — ಇಷ್ಟೇ ತಾನೆ, ಇದೇ ತಾನೆ ಆ ಖಾಲಿ ಸಾಲು, ಹೆಬ್ಬೆರಳು ತಾನಾಗಿಯೇ ಓಡಿತು: ನಮಗ ನೋಡಾಕ ಆಗಲಿಲ್ಲ. ಸೂಜಿ ಇಲ್ಲ ಅಂತ ಅಲ್ಲ. ಹತ್ತರದ ಆಸ್ಪತ್ರಿ ಮುಂದ ಗಾಡಿ ನಿಲ್ಲಿಸಿ ಕೇಳ್ರಿ. ಕಳಿಸಿದಳು. ಮೈ ಹಗುರಾಗುತ್ತದೆ ಅಂದುಕೊಂಡಿದ್ದಳು. ಸೂರಿಯ ಉತ್ತರ ಟಣ್ ಅಂತ ಬಂತು, ಹಾಕಿದೆ, ಆದ್ರ ಯಾಕ ಬದಲಿ ಮಾಡಿದಿ, ಮೊದಲಿಂದು ಚಲೋ ಇತ್ತಲ್ಲೇ, ಅದಕ್ಕೇನಾಗಿತ್ತು?

ಅದಕ್ಕೇನಾಗಿತ್ತು. ಬರೆಯಬೇಕು, ಬರೆದರೆ ಸೂರಿಗೆ ಗೊತ್ತಾಗುತ್ತದೆ, ಸರ್‌ಗೆ ಗೊತ್ತಾಗುತ್ತದೆ, ಕಾಲೇಜಿಗೆ, ಆಗಲಿ, ಮೊದಲು ಕೆಂಚಣ್ಣನಿಗೆ, ಆತ ಏನನ್ನುತ್ತಾನೆ, ಏನೂ ಅನ್ನದಿದ್ದರೆ? — ಬೆರಳು ನಿಂತಿದೆ, ಆಲೂರು ಆಲೂರು, ದಿಗಂಡಿ ದಿಗಂಡಿ, ಇಳೀರಿ ಲಗೂನ, ಕಂಡಕ್ಟರ್ ತೆಲುಗು ಕನ್ನಡ ಎರಡೂ ಭಾಷೆಯಲ್ಲಿ ಕೂಗುತ್ತಿದ್ದಾನೆ, ಅವಳದ್ದು ಮುಂದಿನ ಊರು, ಬಸ್ಸು ನಿಂತಿತು, ಮತ್ತೆ ಹೊರಟಿತು, ಗೋಡೆ, ಬೇವಿನ ಮರ, ಆಸ್ಪತ್ರೆಯ ಗೇಟು — ನೋಡಬಾರದು ಅಂದುಕೊಂಡಳು, ನೋಡಿದಳು — ಎರಡೂ ಬಾಗಿಲು ಹಾರು ಹೊಡೆದಿವೆ, ಒಳಗೆ ಹನ್ನೆರಡು, ಹೊರಗೆ ಬಿಳಿ ಸೀರೆಯವಳೊಬ್ಬಳು ಲೋಟ ಹಿಡಿದು ನಿಂತಿದ್ದಾಳೆ, ಎಷ್ಟು ಹತ್ತಿರ, ಆವತ್ತು ಆಟೋದಿಂದ ಹೊರಬಂದ ಆ ಕೈ ಬೀಸುತ್ತಿರಲಿಲ್ಲ, ನಿಲ್ಲಿಸಿ ಅನ್ನುತ್ತಿತ್ತು, ಮೊಣಕೈತನಕ ಹಸಿರು ಬಳೆ, ನಿಲ್ಲಿಸಿ, ಬಳೆ, ಹಸಿರು, ಗೇಟು ತೆರೆದೇ ಇದೆ, ಆ ಕೈ —